ಕಾರ್ಡ್ ಇದ್ರೆ ಸಾಕಾ? ಡಿಗ್ರಿ ಪರೀಕ್ಷೆಗೆ ಸ್ಕ್ರೈಬ್, ಹೆಚ್ಚುವರಿ ಸಮಯ ಕೇಳಿ ಪಡೆಯೋ ಬಗೆ

[ತೆರೆಯ ಮೇಲೆ: ಯುಡಿಐಡಿ ಕಾರ್ಡಿನ ಮಾದರಿ, ಪಕ್ಕದಲ್ಲಿ ಒಂದು ಹಾಲ್ ಟಿಕೆಟ್]

ನಮಸ್ಕಾರ. ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಕಾರ್ಡ್ ಕೈಲಿದೆ. ಅಡ್ಮಿಷನ್ ಸಮಯದಲ್ಲಿ ಯುಯುಸಿಎಂಎಸ್, ಅಂದ್ರೆ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್‌ನ ಫಾರಂನಲ್ಲಿ ವಿಕಲಚೇತನ ಅಂತ ತುಂಬಿದ್ದೂ ಆಗಿದೆ. ಇನ್ನು ಪರೀಕ್ಷೆ ದಿನ ಸ್ಕ್ರೈಬ್, ಅಂದ್ರೆ ನಾವು ಹೇಳಿದ ಉತ್ತರ ಬರೆದುಕೊಡೋ ಲಿಪಿಕಾರರು ಬರ್ತಾರೆ, ಒಂದು ಗಂಟೆ ಜಾಸ್ತಿ ಕೊಡ್ತಾರೆ ಅಂತ ನೀವು ಆರಾಮಾಗಿ ಕೂತಿದ್ರೆ, ಈ ವಿಡಿಯೋ ಪೂರ್ತಿ ನೋಡಿ. ಕಾರ್ಡಿನಿಂದ ಗೊತ್ತಾಗೋದು ನಿಮಗೆ ಯಾವ ವೈಕಲ್ಯ ಇದೆ, ಎಷ್ಟಿದೆ ಅನ್ನೋದು ಮಾತ್ರ. ಪರೀಕ್ಷಾ ಕೊಠಡಿಯಲ್ಲಿ ನಿಮಗೆ ಏನು ಕೊಡಬೇಕು ಅಂತ ಹೇಳೋದು ವಿಶ್ವವಿದ್ಯಾಲಯದ ಅನುಮತಿ ಪತ್ರ. ಅದು ತಾನಾಗಿ ಬರೋದಿಲ್ಲ. ಬರೆದು ಕೇಳಬೇಕು, ಪರೀಕ್ಷೆಗೆ ಬಹಳ ಮುಂಚೆ ಕೇಳಬೇಕು.

ಒಂದು ಮಾತು: ತೆರೆ ಮೇಲೆ ಬರೋದನ್ನೆಲ್ಲ ನಾನು ಬಾಯಲ್ಲೂ ಹೇಳ್ತೀನಿ. ಕನ್ನಡ ಸಬ್‌ಟೈಟಲ್ ಕೈಯಿಂದಲೇ ಟೈಪ್ ಮಾಡಿ ಹಾಕಿದೀವಿ.

ಎಸ್‌ಎಸ್‌ಎಲ್‌ಸಿಯಲ್ಲಿ ಸ್ಕ್ರೈಬ್ ಸಿಕ್ಕಿತ್ತಲ್ಲ, ಈಗ ಯಾಕೆ ಮತ್ತೆ ಕೇಳಬೇಕು ಅಂತೀರಾ? ಆಗ ನಿಮ್ಮ ಹೆಡ್‌ಮಾಸ್ಟರು ಬೋರ್ಡಿಗೆ ಕಾಗದ ಬರೆದು ಮಾಡಿಸಿಕೊಟ್ಟಿರ್ತಾರೆ. ಆ ಅನುಮತಿ ಆ ಪರೀಕ್ಷೆಗೇ ಮುಗೀತು. ಡಿಗ್ರಿ ಕಾಲೇಜಿಗೆ ಆ ಕಡತ ಬರೋದೇ ಇಲ್ಲ. ಇಲ್ಲಿ ನಿಮ್ಮ ಬಗ್ಗೆ ಯಾರಿಗೂ ಗೊತ್ತಿಲ್ಲ ಅಂತಲೇ ಇಟ್ಕೊಂಡು ಶುರು ಮಾಡಿ.

ನಮ್ಮ ಕನ್ನಡದ ಹುಡುಗ ಹುಡುಗಿಯರು ಅಮೆರಿಕದ ಯಾವುದಾದ್ರೂ ವಿಶ್ವವಿದ್ಯಾಲಯಕ್ಕೆ ಹೋದ್ರೆ ಅಲ್ಲಿ ಸಾಮಾನ್ಯವಾಗಿ ಇದಕ್ಕೇ ಅಂತ ಒಂದು ಕಚೇರಿ ಇರುತ್ತೆ. ಅಲ್ಲೂ ವಿದ್ಯಾರ್ಥಿಯೇ ಹೋಗಿ ನೋಂದಾಯಿಸಬೇಕು, ಆದ್ರೆ ಬಾಗಿಲು ಒಂದೇ. ನಮ್ಮಲ್ಲಿ ಬಾಗಿಲು ಮೂರು ನಾಲ್ಕಿವೆ. ಇಂಟರ್ನಲ್ಸ್ ನಡೆಸೋದು ಕಾಲೇಜು. ಸೆಮಿಸ್ಟರ್ ಪರೀಕ್ಷೆಗೆ ಅನುಮತಿ ಕೊಡೋದು ವಿಶ್ವವಿದ್ಯಾಲಯ. ಪರೀಕ್ಷೆ ದಿನ ಅದನ್ನ ಜಾರಿ ಮಾಡೋದು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು. ವೈದ್ಯಕೀಯ ಕಾಗದ ಕೊಡೋದು ಜಿಲ್ಲಾಸ್ಪತ್ರೆ. ಈ ನಾಲ್ವರೂ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡ್ಕೊಳ್ತಾರೆ ಅನ್ನೋ ಭ್ರಮೆ ಬೇಡ. ಓಡಾಡೋರು ನೀವೇ.

[ತೆರೆಯ ಮೇಲೆ: ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016]

ಕಾನೂನು ಎರಡೇ ನಿಮಿಷದಲ್ಲಿ. 1995ರ ಹಳೇ ಕಾಯ್ದೆಯಲ್ಲಿ ಏಳು ವೈಕಲ್ಯ ಇದ್ವು. 2016ರ ಕಾಯ್ದೆಯಲ್ಲಿ 21 ಇವೆ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಕಣ್ಣು, ಕಿವಿ, ಕೈಕಾಲು ಮಾತ್ರ ಅಂತ ಅಂದ್ಕೊಂಡಿರೋರು ಈ ಪಟ್ಟಿ ಒಮ್ಮೆ ನೋಡಬೇಕು. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಮಾನಸಿಕ ಕಾಯಿಲೆ ಇದೆ, ಹೀಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆ ಇದೆ, ಆಸಿಡ್ ದಾಳಿಗೆ ಒಳಗಾದವರೂ ಇದರಲ್ಲಿ ಸೇರ್ತಾರೆ. ಇದೇ ಕಾಯ್ದೆಯ 17ನೇ ಕಲಂನಲ್ಲಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ ಅಂತ ಸ್ಪಷ್ಟವಾಗಿ ಬರೆದಿದೆ. ಆಫೀಸಲ್ಲಿ ಯಾರಾದ್ರೂ "ನಮ್ಮಲ್ಲಿ ಅಂಥದ್ದೇನೂ ಇಲ್ಲಪ್ಪ" ಅಂದ್ರೆ ಹೇಳೋಕೆ ಈ ಒಂದು ಸಂಖ್ಯೆ ನೆನಪಿಟ್ಕೊಳ್ಳಿ: ಹದಿನೇಳು.

ಎಷ್ಟು ಸಮಯ ಅನ್ನೋದು 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆ ಪತ್ರಿಕೆಗೆ ಪೂರ್ತಿ ಒಂದು ಗಂಟೆ, ಎರಡೂವರೆ ಗಂಟೆಯದಕ್ಕೆ 50 ನಿಮಿಷ. ಪರೀಕ್ಷೆ ಒಂದು ಗಂಟೆಗಿಂತ ಚಿಕ್ಕದಾದ್ರೂ ಅದೇ ಲೆಕ್ಕ; 45 ನಿಮಿಷದ ಟೆಸ್ಟಿಗೆ 15 ನಿಮಿಷ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋರು ಸ್ಕ್ರೈಬ್ ಬೇಡ, ನಾನೇ ಬರೀತೀನಿ ಅಂದ್ರೂ ಈ ಸಮಯ ಸಿಗುತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸ್ಕ್ರೈಬ್ ತಗೊಂಡ್ರೆ ಮಾತ್ರ ಸಮಯ ಅಂತ ಹೇಳಿ ಕಳಿಸೋರಿದ್ದಾರೆ, ನಂಬಬೇಡಿ.

ಶೇಕಡಾ 40ಕ್ಕಿಂತ ಕಡಿಮೆ ಇದ್ರೆ? ಇಲ್ಲಿ ಒಂದು ಕಥೆ ಇದೆ. ವಿಕಾಸ್ ಕುಮಾರ್ ಅನ್ನೋ ಅಭ್ಯರ್ಥಿಗೆ ಬರೆಯುವಾಗ ಕೈ ಹಿಡ್ಕೊಳ್ಳೋ ತೊಂದರೆ, ರೈಟರ್ಸ್ ಕ್ರಾಂಪ್. ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಸ್ಕ್ರೈಬ್ ಕೇಳಿದ್ರು, ಯುಪಿಎಸ್‌ಸಿ ಕೊಡಲಿಲ್ಲ. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಡ್ತು. ಶೇಕಡಾ 40 ಅನ್ನೋ ಗೆರೆ ಇರೋದು ಮೀಸಲಾತಿಯಂಥ ವಿಷಯಕ್ಕೆ, ಸ್ಕ್ರೈಬ್ ಕೊಡೋಕೆ ಆ ಗೆರೆ ಎಳೀಬೇಡಿ ಅನ್ನೋದು ಅದರ ತಿರುಳು. ಇದಾದ ಮೇಲೆ 2022ರ ಆಗಸ್ಟ್ 10ರಂದು 40ಕ್ಕಿಂತ ಕಡಿಮೆ ಇದ್ದು ಬರೆಯೋಕೆ ಕಷ್ಟ ಇರೋರಿಗೆ ಬೇರೆ ಮಾರ್ಗಸೂಚಿ ಬಂತು. 2025ರ ಫೆಬ್ರವರಿಯಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಎತ್ತಿ ಹಿಡಿದಿದೆ. ಹಾಗಾಗಿ ಕಾರ್ಡಿನಲ್ಲಿ 30 ಅಂತ ಇದೆ ಅಂತ ಅರ್ಜಿ ಹಾಕದೇ ಕೂರಬೇಡಿ.

[ತೆರೆಯ ಮೇಲೆ: ಯಾವ ಕಾಗದ, ಎಲ್ಲಿಂದ?]

ಯುಡಿಐಡಿ ಕಾರ್ಡೇ ಇಲ್ಲದೋರು ಮೊದಲು ಅದಕ್ಕಾಗೇ ಇರೋ ಸ್ವಾವಲಂಬನ್ ಕಾರ್ಡ್ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯ ತಪಾಸಣೆಗೆ ಹೋಗಿ. 40ಕ್ಕಿಂತ ಕಡಿಮೆ ಇದ್ರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ ಕಾರ್ಡ್. 2024ರಲ್ಲಿ ತಿದ್ದಿದ ನಿಯಮದ ಪ್ರಕಾರ ಪ್ರಮಾಣಪತ್ರ ಕೊಡೋಕೆ ಮೂರು ತಿಂಗಳವರೆಗೂ ಸಮಯ ಇದೆ, ಅಂದ್ರೆ ಅರ್ಧ ಸೆಮಿಸ್ಟರ್ ಹೋಯ್ತು. ಹಳ್ಳಿ ಕಡೆಯವರು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಹಿಡೀರಿ. ಸೈಬರ್ ಸೆಂಟರ್‌ನಲ್ಲಿ ಫಾರಂ ತುಂಬಿಸಿ ತಪ್ಪು ಮಾಡ್ಕೊಳ್ಳೋದಕ್ಕಿಂತ ಅದು ವಾಸಿ.

ಇನ್ನೊಂದು ಕಾಗದ ಬಹಳ ಜನ ಮರೀತಾರೆ. ಅಂಧತ್ವ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪೋದು), ಎರಡೂ ಕೈಗೆ ತೊಂದರೆ, ಈ ಮೂರಕ್ಕೆ ಕೇಳಿದ್ರೆ ಸ್ಕ್ರೈಬ್ ಕೊಡಬೇಕು. ಉಳಿದ ವೈಕಲ್ಯಗಳಿಗೆ "ಇವರಿಗೆ ದೈಹಿಕವಾಗಿ ಬರೆಯೋಕೆ ಮಿತಿ ಇದೆ, ಸ್ಕ್ರೈಬ್ ಅಗತ್ಯ" ಅನ್ನೋ ಪ್ರಮಾಣಪತ್ರ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರಿಂದ ಬೇಕು. ಇದರ ನಮೂನೆ ಮಾರ್ಗಸೂಚಿಯ ಕೊನೆಯಲ್ಲೇ ಇದೆ. ಅದನ್ನ ಪ್ರಿಂಟ್ ಮಾಡ್ಕೊಂಡೇ ಆಸ್ಪತ್ರೆಗೆ ಹೋಗಿ. ಡಾಕ್ಟರು ತಮಗೆ ತೋಚಿದ ಹಾಗೆ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ರೆ ವಿಶ್ವವಿದ್ಯಾಲಯದಲ್ಲಿ ಅದು ವಾಪಸ್ ಬರೋ ಸಾಧ್ಯತೆ ಹೆಚ್ಚು.

ಕಲಿಕಾ ನ್ಯೂನತೆ ಇರೋರು ಸ್ಕೂಲಲ್ಲಿದ್ದಾಗ ಮಾಡಿಸಿದ ಹಳೇ ರಿಪೋರ್ಟ್ ತೆಗೆದು ದಿನಾಂಕ ನೋಡಿ. ವೈಕಲ್ಯ ಅಳೆಯೋಕೆ ಅಂತ 2018ರಲ್ಲೇ ಬಂದಿದ್ದ ಇನ್ನೊಂದು ಮಾರ್ಗಸೂಚಿಯಲ್ಲಿ ಎಂಟನೇ ವಯಸ್ಸಿಗೆ, ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮೂರು ಸಲ ಪ್ರಮಾಣೀಕರಣ ಅಂತ ಇಟ್ಟಿದ್ರು, ಹದಿನೆಂಟರದ್ದು ಜೀವನಪೂರ್ತಿ ನಡೆಯುತ್ತೆ. ಡಿಗ್ರಿಗೆ ಸೇರೋ ವಯಸ್ಸೂ ಅದೇ ಆಸುಪಾಸಾದ್ರಿಂದ ಹಳೇದು ನಡೆಯೋದಿಲ್ಲ ಅಂತ ಕೌಂಟರಿನಲ್ಲಿ ತಿರುಗಿಸಿ ಕಳಿಸೋಕೆ ಇದೇ ಕಾರಣ ಆಗುತ್ತೆ. ದೇಶದಾದ್ಯಂತ ಈ ನ್ಯೂನತೆಯನ್ನ ಅಳೆಯೋಕೆ ಗೊತ್ತುಮಾಡಿದ್ದ ಸಾಮಗ್ರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ದೇ.

[ತೆರೆಯ ಮೇಲೆ: ಅರ್ಜಿ]

ಈಗ ಮುಖ್ಯ ವಿಷಯಕ್ಕೆ ಬಂದೆ. ಅರ್ಜಿ ಯಾರಿಗೆ? ವಿಶ್ವವಿದ್ಯಾಲಯದ ಕುಲಸಚಿವರು, ಮೌಲ್ಯಮಾಪನ ವಿಭಾಗ. ಕುಲಸಚಿವರು ಅಂತಷ್ಟೇ ಬರೆದ್ರೆ ಆಡಳಿತ ವಿಭಾಗಕ್ಕೆ ಹೋಗಿ ಅಲ್ಲೇ ಮಲಗುತ್ತೆ. "ಪ್ರಾಂಶುಪಾಲರ ಮೂಲಕ" ಅಂತ ಹಾಕಿ. ಸ್ವಾಯತ್ತ ಕಾಲೇಜಾದ್ರೆ ಕಾಲೇಜಿನ ಪರೀಕ್ಷಾ ನಿಯಂತ್ರಕರಿಗೆ. ಇಂಟರ್ನಲ್ಸ್‌ಗೆ ಪ್ರಾಂಶುಪಾಲರಿಗೇ ಬೇರೆ ಒಂದು ಅರ್ಜಿ ಕೊಡಿ, ಎರಡನ್ನೂ ಒಂದರಲ್ಲೇ ಸೇರಿಸಬೇಡಿ.

ನಮ್ಮ ಹುಡುಗರು ಬರೆಯೋ ಅರ್ಜಿ ಹೆಚ್ಚುಕಡಿಮೆ ಹೀಗಿರುತ್ತೆ: "ನಾನು ಅಂಗವಿಕಲನಾಗಿದ್ದು, ತಾವು ದಯಮಾಡಿ ನನಗೆ ಸಹಾಯ ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ." ಇದನ್ನ ಓದಿದ ಕೇಸ್‌ವರ್ಕರ್‌ಗೆ ಅಯ್ಯೋ ಪಾಪ ಅನ್ನಿಸಬಹುದು, ಆದ್ರೆ ಏನು ಆದೇಶ ಮಾಡಬೇಕು ಅಂತ ಗೊತ್ತಾಗೋದಿಲ್ಲ. ದಯೆಯ ಮಾತೇ ಬೇಡ. ಏನು ಆಗೋದಿಲ್ಲ, ಅದಕ್ಕೆ ಏನು ಬೇಕು, ಎಷ್ಟು ಬೇಕು, ಯಾವ ನಿಯಮದಲ್ಲಿ ಅಂತ ಬರೀರಿ. ಬಿ.ಕಾಂ ಮೂರನೇ ಸೆಮಿಸ್ಟರ್‌ನ ಒಬ್ಬ ವಿದ್ಯಾರ್ಥಿನಿ ಹೀಗೆ ಬರೀಬಹುದು:

"ನನಗೆ ಸೆರೆಬ್ರಲ್ ಪಾಲ್ಸಿ ಇದ್ದು, ಪ್ರಮಾಣ ಶೇಕಡಾ 55. ಹತ್ತು ನಿಮಿಷ ಸತತವಾಗಿ ಬರೆದರೆ ಬಲಗೈ ಬೆರಳುಗಳು ಬಿಗಿದುಕೊಂಡು ಪೆನ್ನು ಹಿಡಿಯಲು ಆಗುವುದಿಲ್ಲ. ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದ್ದರಿಂದ ನನ್ನ ಎಲ್ಲ ಪತ್ರಿಕೆಗಳಿಗೆ ಲಿಪಿಕಾರರ ಸೌಲಭ್ಯ, ಪ್ರತಿ ಗಂಟೆಗೆ 20 ನಿಮಿಷ ಪೂರಕ ಸಮಯ ಮತ್ತು ನೆಲಮಹಡಿಯಲ್ಲಿ ಕೊಠಡಿಯನ್ನು ಮಂಜೂರು ಮಾಡಿ ಆದೇಶಿಸಬೇಕೆಂದು ಕೋರುತ್ತೇನೆ. ಉಲ್ಲೇಖ: ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಕಲಂ 17, ಕೇಂದ್ರ ಸರ್ಕಾರದ ಮಾರ್ಗಸೂಚಿ, ದಿನಾಂಕ 29-08-2018."

ಇಷ್ಟೇ. ಇದನ್ನ ಓದಿದೋರು ಹಾಗೇ ಎತ್ತಿ ಆದೇಶಕ್ಕೆ ಹಾಕಬಹುದು. ಕಚೇರಿ ಕೆಲಸ ಸುಲಭ ಮಾಡಿಕೊಟ್ರೆ ಅರ್ಧ ಗೆದ್ದ ಹಾಗೆ.

ಬೇಕಾಗಿರೋದು ಎಲ್ರಿಗೂ ಸ್ಕ್ರೈಬೇ ಅಲ್ಲ. ಕಿವಿ ಕೇಳದ ವಿದ್ಯಾರ್ಥಿ ಪರೀಕ್ಷೆ ಮಧ್ಯದಲ್ಲಿ "ಆರನೇ ಪ್ರಶ್ನೇಲಿ ತಪ್ಪಿದೆ, ತಿದ್ಕೊಳ್ಳಿ" ಅಂತ ಕೂಗಿ ಹೇಳೋದನ್ನ ಬೋರ್ಡಿನ ಮೇಲೆ ಬರೆಯೋಕೆ ಹೇಳಬಹುದು, ವೈವಾದಲ್ಲಿ ಪ್ರಶ್ನೆ ಬರೆದು ಕೊಡಿ ಅನ್ನಬಹುದು. ದೃಷ್ಟಿ ಮಂದ ಇರೋರು ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಬಹುದು. ಕಂಪ್ಯೂಟರಿನಲ್ಲಿ ಉತ್ತರ ಬರೆಯೋದಕ್ಕೂ ಅವಕಾಶ ಇದೆ, ಅದನ್ನ ಹಿಂದಿನ ದಿನವೇ ಪರೀಕ್ಷಿಸಿ ನೋಡೋಕೆ ಬಿಡಬೇಕು ಅಂತಲೂ ಮಾರ್ಗಸೂಚಿ ಹೇಳುತ್ತೆ. ಕ್ಲಾಸ್ ನೋಟ್ಸ್ ಬಗ್ಗೆ ಒಂದು ಸಂಕಟ ಹೇಳ್ಲೇಬೇಕು. ನಮ್ಮ ಎಷ್ಟೋ ಮೇಷ್ಟ್ರುಗಳು ಇವತ್ತಿಗೂ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡ್ತಾರೆ. ಅದನ್ನ ಸ್ಕ್ರೀನ್ ರೀಡರ್‌ಗೆ, ಅಂದ್ರೆ ತೆರೆ ಮೇಲಿನ ಅಕ್ಷರ ಓದಿ ಹೇಳೋ ತಂತ್ರಾಂಶಕ್ಕೆ ಕೊಟ್ರೆ ಕನ್ನಡ ಬರೋದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತೆ. ಯೂನಿಕೋಡ್‌ನಲ್ಲಿ ಕೊಡಿ ಸಾರ್ ಅಂತ ಮೊದಲ ವಾರವೇ ಕೇಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಅರ್ಜಿ ಕೊಡೋವಾಗ ಎರಡು ಪ್ರತಿ. ಒಂದನ್ನ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. "ಕೊಟ್ಟು ಹೋಗಮ್ಮ, ನೋಡ್ತೀವಿ" ಅಂದ್ರೂ ನಗುನಗ್ತಾ ಅಲ್ಲೇ ನಿಂತಿರಿ. ಯಾವಾಗ ಕೊಡಬೇಕು? ಸೆಮಿಸ್ಟರ್ ಶುರುವಾದ ತಿಂಗಳೊಳಗೆ. ಪರೀಕ್ಷಾ ಶುಲ್ಕ ಕಟ್ಟೋ ಹೊತ್ತಿಗೆ ಆದೇಶ ಕೈಯಲ್ಲಿದ್ರೆ ಒಳ್ಳೇದು. ಹಾಲ್ ಟಿಕೆಟ್ ಬಂದ ಮೇಲೆ ಓಡಿದ್ರೆ ಸಿಗೋದು ಬರೀ ಟೆನ್ಷನ್ನು.

[ತೆರೆಯ ಮೇಲೆ: ಸ್ಕ್ರೈಬ್ ಹುಡುಕೋದು]

ಸ್ಕ್ರೈಬನ್ನ ನೀವೇ ಕರ್ಕೊಂಡು ಬರಬಹುದು, ಇಲ್ಲಾ ಪರೀಕ್ಷೆ ನಡೆಸೋರೇ ಕೊಡಿ ಅನ್ನಬಹುದು. ಅವರೇ ಕೊಟ್ರೆ ಪರೀಕ್ಷೆಗೆ ಎರಡು ದಿನ ಮುಂಚೆ ಭೇಟಿ ಮಾಡಿಸಬೇಕು. ನೀವೇ ತಂದ್ರೆ ಅವರ ಓದು ನಿಮಗಿಂತ ಕಡಿಮೆ ಇರಬೇಕು. ಡಿಗ್ರಿಯವರಿಗೆ ಪಿಯುಸಿ ವಿದ್ಯಾರ್ಥಿ ಅಂತ ಇಟ್ಕೊಳ್ಳಿ. ಕೆಲವು ಕಡೆ ಬೇರೆ ವಿಷಯ ಓದೋರೇ ಆಗಬೇಕು ಅಂತಲೂ ಕೇಳ್ತಾರೆ, ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆ ಓದ್ಕೊಳ್ಳಿ.

ಕಾಗದದ ಮೇಲೆ ಅರ್ಹರಾದ್ರೆ ಮುಗೀಲಿಲ್ಲ. ನೀವು ಕನ್ನಡ ಮಾಧ್ಯಮ, ಬಂದೋರು ಇಂಗ್ಲಿಷ್ ಮೀಡಿಯಂ ಹುಡುಗ. ನೀವು "ಸಾರ್ವಭೌಮತ್ವ" ಅಂತೀರಿ, ಅವನು ಒತ್ತಕ್ಷರ ಎಲ್ಲಿ ಹಾಕಲಿ ಅಂತ ಕೇಳ್ತಾನೆ. ನಿಮ್ಮ ಒಂದು ಗಂಟೆ ಹೆಚ್ಚುವರಿ ಸಮಯ ಒತ್ತಕ್ಷರಕ್ಕೇ ಖರ್ಚಾಯ್ತು. ಅಕೌಂಟ್ಸ್ ಪೇಪರಾದ್ರೆ ಡೆಬಿಟ್, ಕ್ರೆಡಿಟ್ ಕಾಲಂ ಗೆರೆ ಎಳೆಯೋಕೆ ಬರಬೇಕು. ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಹಿಡ್ಕೊಂಡು ಗಡಿಯಾರ ಇಟ್ಟು ಒಟ್ಟಿಗೆ ಕೂತು ಅಭ್ಯಾಸ ಮಾಡಿ. ಹೇಳಿ ಬರೆಸೋದೂ ಒಂದು ವಿದ್ಯೆ, ಅದು ನಿಮಗೂ ಹೊಸದು. ಪೂರ್ಣವಿರಾಮ, ಹೊಸ ಪ್ಯಾರಾ, ಅಡಿಗೆರೆ ಎಲ್ಲ ನೀವೇ ಹೇಳಬೇಕು. ಭಾಷಾ ಪತ್ರಿಕೆಗಳಿಗೆ ಬೇರೆ ಬೇರೆ ಸ್ಕ್ರೈಬ್ ಇಟ್ಕೊಳ್ಳೋಕೆ ಅವಕಾಶ ಇದೆ, ಬಳಸ್ಕೊಳ್ಳಿ. ಕೊನೇ ಗಳಿಗೇಲಿ ಅವನಿಗೆ ಜ್ವರ ಬಂದ್ರೆ ಬದಲಾಯಿಸೋಕೂ ಅವಕಾಶ ಇದೆ, ಇನ್ನೊಬ್ಬರ ದಾಖಲೆ ರೆಡಿ ಇರಲಿ. ಅವರ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ನೋಡ್ಕೊಳ್ಳಿ. ಅವರು ನಿಮಗಾಗಿ ಕ್ಲಾಸ್ ಬಿಟ್ಟು ಬಂದಿರ್ತಾರೆ.

ಪರೀಕ್ಷೆ ದಿನ ಅನುಮತಿ ಪತ್ರದ ಮೂಲ ಮತ್ತು ಎರಡು ಜೆರಾಕ್ಸ್ ಇಟ್ಕೊಂಡು ಮುಖ್ಯ ಅಧೀಕ್ಷಕರ ಹತ್ರ ಬೇಗ ಹೋಗಿ. ಇನ್ವಿಜಿಲೇಟರ್‌ಗೆ ಮುಗಿಯೋ ಸಮಯ ಮೊದಲೇ ತೋರಿಸಿ. ಬೆಲ್ ಹೊಡೆದ ಮೇಲೆ ಎಲ್ಲರ ಉತ್ತರಪತ್ರಿಕೆ ಕಿತ್ಕೊಳ್ಳೋ ಅವಸರದಲ್ಲಿ ವಾದ ಮಾಡೋಕಾಗಲ್ಲ.

ಕೊಡೋದೇ ಇಲ್ಲ ಅಂದ್ರೆ? "ಯಾವ ಕಾರಣಕ್ಕೆ ನಿರಾಕರಿಸಿದ್ದೀರಿ, ಬರೆದು ಕೊಡಿ" ಅಂತ ಕೇಳಿ. ಎಷ್ಟೋ ಸಲ ಅಷ್ಟಕ್ಕೇ ದಾರಿಗೆ ಬರ್ತಾರೆ, ಯಾಕಂದ್ರೆ ಇಲ್ಲ ಅಂತ ಸಹಿ ಮಾಡಿಕೊಡೋಕೆ ಯಾರಿಗೂ ಇಷ್ಟ ಇರೋದಿಲ್ಲ. ಆಗಲೂ ಆಗದಿದ್ರೆ ಕಾಲೇಜಿನ ಸಮಾನ ಅವಕಾಶ ಕೋಶ ಇದ್ರೆ ಅಲ್ಲಿಗೆ, ಆಮೇಲೆ ಬೆಂಗಳೂರಿನಲ್ಲಿರೋ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು. ಟಪಾಲಿನ ಸೀಲು ಬಿದ್ದ ಆ ಪ್ರತಿ ಲಗತ್ತಿಸಿ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರದವರೆಗೆ, ಮತ್ತೆ ಮಾಡಿದ್ರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ಅಂತ 89ನೇ ಕಲಂ ಹೇಳುತ್ತೆ. ಇದನ್ನ ಮೊದಲ ಅರ್ಜೀಲೇ ಬರೆದು ಹೆದರಿಸೋಕೆ ಹೋಗಬೇಡಿ, ಕೆಲಸ ಕೆಡುತ್ತೆ. ದೂರಿನಲ್ಲಿ ಬರೀರಿ.

ಮಾದರಿ ಅರ್ಜಿ ವಿಡಿಯೋ ಕೆಳಗೆ ಯೂನಿಕೋಡ್ ಫೈಲಿನಲ್ಲಿದೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಬಳಸ್ಕೊಳ್ಳಿ. ನಿಮ್ಮ ತೊಂದರೆ ಏನು ಅನ್ನೋ ಎರಡು ವಾಕ್ಯ ಮಾತ್ರ ಕಾಪಿ ಮಾಡಬೇಡಿ, ಅದನ್ನ ನೀವೇ ಬರೀರಿ.