ಕ್ಯಾನ್ಸಲ್ ಬಟನ್ ಒತ್ತಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮೆಸೇಜ್ ಓದುತ್ತೇನೆ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಇದರ ಧಾಟಿ ಗೊತ್ತೇ ಇರುತ್ತದೆ. "ಸರ್, ನೀವು ಆರ್ಡರ್ ಮಾಡಿದ ಐಟಂನ ರೇಟು ಜಾಸ್ತಿ ಆಗಿದೆ. ವ್ಯತ್ಯಾಸದ ಹಣ ಹಾಕಿದರೆ ಇವತ್ತೇ ಕಳಿಸುತ್ತೇವೆ. ಬೇಡ ಅಂದರೆ ದಯವಿಟ್ಟು ನೀವೇ ಆರ್ಡರ್ ಕ್ಯಾನ್ಸಲ್ ಮಾಡಿ, ರೀಫಂಡ್ ಬರುತ್ತೆ."

ಮಾತು ನಯವಾಗಿದೆ. ಆದರೆ ಕೊನೆಯ ಸಾಲನ್ನು ಸ್ವಲ್ಪ ನೋಡಿ. ಹಳೆಯ ಬೆಲೆಗೆ ಕೊಡಲು ಇಷ್ಟವಿಲ್ಲದಿರುವುದು ಮಾರುವವನಿಗೆ. ಕ್ಯಾನ್ಸಲ್ ಮಾಡುವ ಬಟನ್ ಅವನ ಹತ್ತಿರವೂ ಇದೆ. ಹಾಗಿದ್ದರೂ ನಮ್ಮ ಕೈಯಿಂದಲೇ ಯಾಕೆ ಒತ್ತಿಸಬೇಕು?

ಕಾರಣ ಸರಳ. ದೊಡ್ಡ ಮಾರಾಟ ತಾಣಗಳು ತಮ್ಮಲ್ಲಿ ಮಾರುವವರ ಲೆಕ್ಕ ಇಡುತ್ತವೆ. ಬಂದ ಆರ್ಡರುಗಳಲ್ಲಿ ಎಷ್ಟನ್ನು ಅವರೇ ರದ್ದು ಮಾಡಿದರು ಅನ್ನೋದು ಆ ಲೆಕ್ಕದ ಒಂದು ಭಾಗ. ಅಮೆಜಾನ್ ತನ್ನ ಮಾರಾಟಗಾರರಿಗೆ ಈ ಪ್ರಮಾಣ ಶೇಕಡಾ 2.5ಕ್ಕಿಂತ ಕಡಿಮೆ ಇರಬೇಕು ಎಂದು ಹೇಳುತ್ತದೆ. ದಾಟಿದರೆ ಅವರ ಖಾತೆಗೇ ಕುತ್ತು. ಗ್ರಾಹಕನೇ ಕ್ಯಾನ್ಸಲ್ ಮಾಡಿದ ಎಂದು ದಾಖಲಾದರೆ ಅವರ ತಲೆಗೆ ಏನೂ ಬರುವುದಿಲ್ಲ. ಹಾಗಾಗಿಯೇ ಇಷ್ಟು ವಿನಯ.

ನಾವು ಏನು ಮಾಡುತ್ತೇವೆ? ಸಿಟ್ಟು ಬರುತ್ತದೆ. "ಇವರ ಸಹವಾಸವೇ ಬೇಡ" ಎಂದು ಕ್ಯಾನ್ಸಲ್ ಒತ್ತುತ್ತೇವೆ. ಕಾರಣ ಕೇಳಿದಾಗ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಆರಿಸುತ್ತೇವೆ. ಅದು ಸಾಮಾನ್ಯವಾಗಿ "ಮನಸ್ಸು ಬದಲಾಯಿತು". ಅಲ್ಲಿಗೆ ಮುಗಿಯಿತು. ಮಾತು ತಪ್ಪಿದ್ದು ಅವರು, ದಾಖಲೆಯಲ್ಲಿ ಮನಸ್ಸು ಬದಲಾಯಿಸಿದ್ದು ನಾವು. ಕ್ಯಾನ್ಸಲ್ ಶುಲ್ಕ ಇದ್ದರೆ ಅದೂ ನಮ್ಮ ಮೇಲೆಯೇ ಬೀಳಬಹುದು. ಮುಂದೆ ಬ್ಯಾಂಕಿಗೋ ಗ್ರಾಹಕರ ವೇದಿಕೆಗೋ ಹೋದರೆ "ರದ್ದು ಮಾಡಿದ್ದು ಯಾರು?" ಎನ್ನುವ ಮೊದಲ ಪ್ರಶ್ನೆಯಲ್ಲೇ ನಾವು ಸೋತಿರುತ್ತೇವೆ.

ಹಾಗಾಗಿ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಬೆಲೆ ಏರಿಸಿದ್ದು ಅವರಾದರೆ, ರದ್ದು ಮಾಡುವ ಕೆಲಸವೂ ಅವರದ್ದೇ ಆಗಲಿ. ರೀಫಂಡ್ ಹೇಗೂ ಬರಬೇಕು. ಅದು ಯಾರ ತಪ್ಪಿನಿಂದ ಬಂತು ಅನ್ನೋದು ಬರಹದಲ್ಲಿ ಇರಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಾವು ದುಡ್ಡು ಕಟ್ಟಿದ ಕ್ಷಣಕ್ಕೆ ವ್ಯಾಪಾರ ಕುದುರಿತು ಅಂತ ಅರ್ಥವೇ? ಅಷ್ಟು ಸಲೀಸಲ್ಲ. ಇಂಗ್ಲೆಂಡಿನಲ್ಲಿ 1953ರಲ್ಲಿ ಬೂಟ್ಸ್ ಎಂಬ ಔಷಧಿ ಅಂಗಡಿಯ ಮೇಲೆ ನಡೆದ ಕೇಸಿನಲ್ಲಿ ಕೋರ್ಟು ಒಂದು ಮಾತು ಹೇಳಿತು. ಕಪಾಟಿನಲ್ಲಿ ಬೆಲೆ ಹಾಕಿ ಇಟ್ಟ ಮಾತ್ರಕ್ಕೆ ಅಂಗಡಿಯವನು ಮಾರಲು ಒಪ್ಪಿದ ಹಾಗಲ್ಲ. ಗ್ರಾಹಕ ವಸ್ತು ತಂದು ಗಲ್ಲಾದ ಮುಂದೆ ಇಡುತ್ತಾನೆ, ಅಂಗಡಿಯವನು ಒಪ್ಪುತ್ತಾನೆ, ಆಗ ಒಪ್ಪಂದ. ಆ ದಾರಿಯ ಕಾನೂನು ಇರುವ ದೇಶಗಳಲ್ಲಿ ವೆಬ್‌ಸೈಟನ್ನೂ ಆ ಕಪಾಟಿನ ಹಾಗೆಯೇ ನೋಡುತ್ತಾರೆ.

ಅದಕ್ಕೇ ಬಹಳ ಕಂಪನಿಗಳು ಜಾಣತನದಿಂದ ಎರಡು ಮೇಲ್ ಕಳಿಸುತ್ತವೆ. ಮೊದಲನೆಯದು "ನಿಮ್ಮ ಆರ್ಡರ್ ನಮಗೆ ತಲುಪಿದೆ". ಎರಡನೆಯದು "ನಿಮ್ಮ ವಸ್ತು ಹೊರಟಿದೆ". ಷರತ್ತುಗಳ ಪುಟದಲ್ಲಿ ಎಲ್ಲೋ ಒಂದು ಕಡೆ ಬರೆದಿರುತ್ತಾರೆ, ಎರಡನೆಯ ಮೇಲ್ ಹೋದಾಗಲೇ ಒಪ್ಪಂದ ಆದಂತೆ ಎಂದು. ಆ ಪುಟವನ್ನು ಯಾರೂ ಓದುವುದಿಲ್ಲ, ನನಗೂ ಗೊತ್ತು. ಆದರೆ ಜಗಳ ಬಂದ ದಿನ ಅದೊಂದು ಸಾಲನ್ನು ಹುಡುಕಿ ಓದಿ. ಜೊತೆಗೆ ನಿಮಗೆ ಬಂದ ಮೇಲ್ ಏನು ಹೇಳುತ್ತದೆ ನೋಡಿ. "ತಲುಪಿದೆ" ಎಂದಷ್ಟೇ ಇದ್ದರೆ ಅವರಿಗೆ ಜಾರಿಕೊಳ್ಳಲು ಜಾಗವಿದೆ. "ಒಪ್ಪಿದ್ದೇವೆ", "ಇಂಥ ದಿನ ಕಳಿಸುತ್ತೇವೆ", ಇನ್‌ವಾಯ್ಸ್ ಇಂತಿಷ್ಟು ಎಂದೆಲ್ಲ ಇದ್ದರೆ ನಿಮ್ಮ ಕೈ ಮೇಲೆ. ಒಪ್ಪಂದ ಆಗಿಲ್ಲ ಎಂದೇ ಅವರು ವಾದಿಸಿದರೂ ಒಂದು ಮಾತು ನೆನಪಿಡಿ: ಒಪ್ಪಂದವೇ ಇಲ್ಲದಿದ್ದರೆ ನಿಮ್ಮ ದುಡ್ಡು ಇಟ್ಟುಕೊಳ್ಳಲು ಅವರಿಗೆ ಯಾವ ಹಕ್ಕೂ ಇಲ್ಲ. ಪೂರ್ತಿ ಹಿಂದಿರುಗಿಸಲೇಬೇಕು.

ಷರತ್ತಿನಲ್ಲಿ "ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು" ಎಂದು ಬರೆದಿದ್ದರೆ? ಬರೆದದ್ದೆಲ್ಲ ನಡೆಯುವುದಿಲ್ಲ. ಯುರೋಪಿಯನ್ ಒಕ್ಕೂಟ 1993ರಲ್ಲೇ ಅನ್ಯಾಯದ ಷರತ್ತುಗಳ ಬಗ್ಗೆ ಒಂದು ನಿರ್ದೇಶನ ತಂದಿತು. ಅನ್ಯಾಯ ಎನಿಸಬಹುದಾದ ಷರತ್ತುಗಳ ಪಟ್ಟಿ ಅದರಲ್ಲಿದೆ. ಬೆಲೆ ಏರಿಸುವ ಅಧಿಕಾರ ಮಾರುವವನಿಗೆ, ಆದರೆ ಏರಿಕೆ ತೀರಾ ಜಾಸ್ತಿಯಾದಾಗ ಬಿಟ್ಟು ಹೋಗುವ ಹಕ್ಕು ಕೊಳ್ಳುವವನಿಗಿಲ್ಲ ಎನ್ನುವ ಷರತ್ತೂ ಆ ಪಟ್ಟಿಯಲ್ಲಿದೆ. ಭಾರತದ 2020ರ ಇ-ಕಾಮರ್ಸ್ ನಿಯಮಗಳು ಇನ್ನೊಂದು ಕಡೆಯಿಂದ ಹಿಡಿಯುತ್ತವೆ. ಕಂಪನಿ ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ತಾನೂ ಹೊರುವುದಾದರೆ ಮಾತ್ರ ಗ್ರಾಹಕನಿಂದ ಕ್ಯಾನ್ಸಲ್ ಶುಲ್ಕ ಕೇಳಬಹುದು. ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದೂ ಅಲ್ಲಿದೆ. ಯಾವ ದೇಶದ ನಿಯಮ ನಿಮ್ಮ ಖರೀದಿಗೆ ಅನ್ವಯಿಸುತ್ತದೆ ಅನ್ನೋದು ಬೇರೆ ಬೇರೆ. ಲೆಕ್ಕಾಚಾರ ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಒಪ್ಪಿದ ಬೆಲೆಯನ್ನು ಒಬ್ಬರೇ ಕೂತು ಬದಲಾಯಿಸುವ ಹಾಗಿಲ್ಲ.

ಈಗ ಮಾರುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಬೆಲೆ ಬದಲಾವಣೆಯೂ ಮೋಸವಲ್ಲ. ಕೆಲವು ಸಲ ಒಂದು ಸೊನ್ನೆ ಬಿಟ್ಟುಹೋಗಿರುತ್ತದೆ. 2003ರ ಜನವರಿಯಲ್ಲಿ ಸಿಂಗಪುರದ ಒಂದು ತಾಣದಲ್ಲಿ 3,854 ಡಾಲರಿನ ಲೇಸರ್ ಪ್ರಿಂಟರಿಗೆ 66 ಡಾಲರ್ ಎಂದು ಬಿತ್ತು. ಆರು ಮಂದಿ ಗೆಳೆಯರು ಬೆಳಗಾಗುವುದರೊಳಗೆ 1,606 ಪ್ರಿಂಟರಿಗೆ ಆರ್ಡರ್ ಹಾಕಿದರು! ಕಂಪ್ಯೂಟರು ಎಲ್ಲದಕ್ಕೂ ಕನ್ಫರ್ಮ್ ಎಂದು ಮೇಲ್ ಕಳಿಸಿತು. ಕಂಪನಿ ಕೊಡುವುದಿಲ್ಲ ಎಂದಿತು. ಕೇಸು ಮೇಲಿನ ಕೋರ್ಟಿನವರೆಗೂ ಹೋಯಿತು. 2005ರಲ್ಲಿ ಅಲ್ಲಿಯೂ ಗೆಳೆಯರು ಸೋತರು. ತಪ್ಪು ಬೆಲೆ ಎಂದು ಗೊತ್ತಿದ್ದೂ ಬಾಚಿಕೊಳ್ಳಲು ಹೋದವನ ಜೊತೆ ಕೋರ್ಟು ನಿಲ್ಲುವುದಿಲ್ಲ. ಇಂಟರ್ನೆಟ್ಟಿಗೂ ಮೊದಲೇ, 1939ರಲ್ಲಿ, ಇಂಗ್ಲೆಂಡಿನಲ್ಲಿ ಮೊಲದ ಚರ್ಮದ ವ್ಯಾಪಾರದಲ್ಲಿ ಇದೇ ಆಗಿತ್ತು. ಒಂದು ಚರ್ಮಕ್ಕೆ ಇಷ್ಟು ಎನ್ನುವ ಬದಲು ಒಂದು ಪೌಂಡ್ ತೂಕಕ್ಕೆ ಇಷ್ಟು ಎಂದು ಬರೆದಿದ್ದರು. ಕೊಳ್ಳುವವನಿಗೆ ತಪ್ಪು ತಿಳಿದೇ ಇರಬೇಕು ಎಂದು ಕೋರ್ಟು ಅವನ ದಾವೆಯನ್ನು ಒಪ್ಪಲಿಲ್ಲ.

ಆದರೆ ನಾವು ಮಾತಾಡುತ್ತಿರುವುದು ಬೇರೆ ವಿಷಯ. ಆರ್ಡರ್ ಮಾಡಿದ ದಿನ ಬೆಲೆ ಸರಿಯಾಗಿಯೇ ಇತ್ತು. ಆಮೇಲೆ ಬೇಡಿಕೆ ಏರಿತು, ಅಥವಾ ಅವರಿಗೆ ತರಿಸುವ ಖರ್ಚು ಜಾಸ್ತಿಯಾಯಿತು. ಇದನ್ನು "ಸಿಸ್ಟಂ ಎರರ್" ಎಂದು ಕರೆದರೆ ಒಪ್ಪಬೇಡಿ. ರಿಯಾಯಿತಿ ದರ ತಪ್ಪು ದರ ಅಲ್ಲ. ಲಾಭ ಕಡಿಮೆಯಾಯಿತು ಅನ್ನೋದು ಅವರ ವ್ಯಾಪಾರದ ತಲೆನೋವು.

ದಾರಿಯಲ್ಲೇ ಬೆಲೆ ಏರುವ ಇನ್ನೊಂದು ಸಂದರ್ಭ ಕಸ್ಟಮ್ಸ್ ಸುಂಕ. ಇದು ಇತ್ತೀಚೆಗೆ ಜಾಸ್ತಿಯಾಗಿದೆ. ಅಮೆರಿಕದಲ್ಲಿ 800 ಡಾಲರ್ ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಯುರೋಪಿನಲ್ಲಿ 22 ಯೂರೋ ಒಳಗಿನ ವಸ್ತುವಿಗೆ ಇದ್ದ ತೆರಿಗೆ ವಿನಾಯಿತಿ 2021ರ ಜುಲೈನಲ್ಲೇ ಹೋಗಿತ್ತು. ಬಾಗಿಲಿಗೆ ಬಂದ ಕೊರಿಯರ್‌ನವನು ಸುಂಕ ಕೇಳಿದರೆ ಅವನ ಜೊತೆ ಜಗಳ ಬೇಡ. ಆರ್ಡರ್ ಪುಟದಲ್ಲಿ "ಎಲ್ಲ ತೆರಿಗೆ ಸೇರಿ" ಎಂದು ಇತ್ತೇ ನೋಡಿ. ಇದ್ದರೆ ಹೊರಬೇಕಾದವನು ಮಾರುವವನು. ಇಲ್ಲದಿದ್ದರೆ ಸುಂಕ ಸಾಮಾನ್ಯವಾಗಿ ನಮ್ಮದೇ. ಇಲ್ಲಿ ಇನ್ನೊಂದು ಅಪಾಯವೂ ಇದೆ. "ಸಣ್ಣ ಮೊತ್ತ ಬಾಕಿ ಇದೆ, ಈ ಲಿಂಕಿನಲ್ಲಿ ಕಟ್ಟಿ" ಎಂದು ಬರುವ ಮೆಸೇಜುಗಳಲ್ಲಿ ಬಹಳಷ್ಟು ಕಳ್ಳರದ್ದು. ಲಿಂಕ್ ಮುಟ್ಟಬೇಡಿ. ನೀವೇ ಆಪ್ ತೆರೆದು ಆರ್ಡರ್ ನೋಡಿ.

ಸರಿ, ಈಗ ಮೆಸೇಜಿಗೆ ಉತ್ತರ ಬರೆಯೋಣ. ಫೋನಿನಲ್ಲಿ ಮಾತಾಡಬೇಡಿ, ಅವರು ಕರೆ ಮಾಡಿದರೂ "ದಯವಿಟ್ಟು ಚಾಟ್‌ನಲ್ಲಿ ಬರೆಯಿರಿ" ಎನ್ನಿ. ವಾಟ್ಸಾಪ್‌ಗೆ ಕರೆದರೂ ಹೋಗಬೇಡಿ, ಖರೀದಿಸಿದ ತಾಣದ ಚಾಟ್‌ನಲ್ಲೇ ಇರಿ. ಬರೆಯುವುದು ಉದ್ದ ಬೇಡ. "ಇಂಥ ದಿನ ಇಷ್ಟು ಬೆಲೆಗೆ ಆರ್ಡರ್ ಮಾಡಿ ಪೂರ್ತಿ ಹಣ ಕಟ್ಟಿದ್ದೇನೆ. ಹೆಚ್ಚಿನ ಹಣಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಆರ್ಡರ್ ರದ್ದು ಮಾಡುತ್ತಿಲ್ಲ. ಅದೇ ಬೆಲೆಗೆ ಕಳಿಸಿ. ಆಗದಿದ್ದರೆ ಕಾರಣ ಬರೆದು ನೀವೇ ರದ್ದು ಮಾಡಿ, ನಾನು ಕಟ್ಟಿದ ರೀತಿಯಲ್ಲೇ ಪೂರ್ತಿ ಹಣ ಹಿಂದಿರುಗಿಸಿ." ಇಷ್ಟು ಸಾಕು. ಬೈಗುಳ ಬೇಡ, ಎಚ್ಚರಿಕೆಯ ಭಾಷಣವೂ ಬೇಡ. ಒಂದು ತಾರೀಖು ಹಾಕಿ, ಅಷ್ಟರೊಳಗೆ ಉತ್ತರ ಬೇಕು ಎನ್ನಿ. ಕೆಲವರು ಇದನ್ನು ನೋಡಿ ಹಳೆಯ ಬೆಲೆಗೇ ಕಳಿಸುವುದೂ ಉಂಟು.

"ಕಟ್ಟಿದ ರೀತಿಯಲ್ಲೇ" ಎಂದು ಯಾಕೆ ಹೇಳಬೇಕು ಗೊತ್ತಾ? ಇಲ್ಲವಾದರೆ ಕೂಪನ್ ಕೊಟ್ಟು, ಅವರದ್ದೇ ವಾಲೆಟ್‌ಗೆ ಹಾಕಿ, ರೀಫಂಡ್ ಆಯಿತು ಎನ್ನುತ್ತಾರೆ. ಅದು ರೀಫಂಡ್ ಅಲ್ಲ, ಮತ್ತೆ ಅವರ ಹತ್ತಿರವೇ ಕೊಳ್ಳಿ ಅನ್ನೋ ಬಲವಂತ.

ಕಾರ್ಡಿನ ರೀಫಂಡ್ ಬಗ್ಗೆ ಸ್ವಲ್ಪ ವಿವರ ಹೇಳುತ್ತೇನೆ, ಇಲ್ಲಿ ಜನ ಸುಮ್ನೆ ಗಾಬರಿಯಾಗುತ್ತಾರೆ. ಆರ್ಡರ್ ಮಾಡಿದಾಗ ಎಷ್ಟೋ ಸಲ ದುಡ್ಡು ಹೋಗಿರುವುದೇ ಇಲ್ಲ, ಬ್ಯಾಂಕು ಅದನ್ನು ತಡೆದು ಹಿಡಿದಿರುತ್ತದೆ ಅಷ್ಟೇ. ಆಗ ರದ್ದಾದರೆ ಸ್ಟೇಟ್‌ಮೆಂಟಿನಲ್ಲಿ ರೀಫಂಡ್ ಎಂಬ ಸಾಲು ಬರುವುದಿಲ್ಲ, ತಡೆ ತಾನಾಗಿ ಬಿಡುತ್ತದೆ. ದುಡ್ಡು ನಿಜವಾಗಿ ಹೋಗಿದ್ದರೆ ರೀಫಂಡಿಗೆ ಎಆರ್‌ಎನ್ ಎನ್ನುವ 23 ಅಂಕಿಯ ನಂಬರ್ ಇರುತ್ತದೆ. "ಕಳಿಸಿದ್ದೇವೆ, ನಿಮ್ಮ ಬ್ಯಾಂಕನ್ನು ಕೇಳಿ" ಎಂದರೆ ಆ ನಂಬರ್ ಕೇಳಿ. ಅದನ್ನು ಕೊಟ್ಟರೆ ಬ್ಯಾಂಕು ಹಣ ಎಲ್ಲಿದೆ ಎಂದು ಹುಡುಕಬಹುದು. ಕೊಡಲು ತಡವರಿಸಿದರೆ ಇನ್ನೂ ಕಳಿಸಿಲ್ಲ ಎಂದು ಅನುಮಾನಪಡಬಹುದು.

ಅವರು ಕಳಿಸುವುದೂ ಇಲ್ಲ, ರದ್ದು ಮಾಡುವುದೂ ಇಲ್ಲ, ಸುಮ್ಮನೆ ಕೂತರೆ? ಅಥವಾ ಕೇಳದೆಯೇ ಕಾರ್ಡಿನಿಂದ ಜಾಸ್ತಿ ಎಳೆದುಕೊಂಡರೆ? ಆಗ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್ ಕೇಳಬೇಕು, ಅಂದರೆ ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕಿನ ಮೂಲಕವೇ ವಾಪಸ್ ಪಡೆಯುವುದು. ವಸ್ತು ಬರಲಿಲ್ಲ, ಒಪ್ಪಿದ್ದಕ್ಕಿಂತ ಬೇರೆ ಮೊತ್ತ ಹಿಡಿದಿದ್ದಾರೆ, ಇವೆರಡೂ ಅದಕ್ಕೆ ಸರಿಯಾದ ಕಾರಣಗಳು. ಗಡುವು ಮಾತ್ರ ಮರೆಯಬೇಡಿ. ಅಮೆರಿಕದ ಕಾನೂನಿನಲ್ಲಿ ಕ್ರೆಡಿಟ್ ಕಾರ್ಡಿಗೆ, ಬಿಲ್ ಕಳಿಸಿದ ಮೇಲೆ 60 ದಿನ. ಬ್ರಿಟನ್ನಿನಲ್ಲಿ ವಸ್ತುವಿನ ಬೆಲೆ 100 ಪೌಂಡಿಗಿಂತ ಮೇಲೆ, 30,000 ಪೌಂಡಿನವರೆಗೆ ಇದ್ದು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, 1974ರ ಕಾಯ್ದೆಯ ಪ್ರಕಾರ ಕಾರ್ಡ್ ಕಂಪನಿಯೂ ಮಾರುವವನಷ್ಟೇ ಹೊಣೆ. ಪೇಪಾಲ್ ಎನ್ನುವ ಆನ್‌ಲೈನ್ ಪಾವತಿ ಸೇವೆಯಲ್ಲಿ ಕಟ್ಟಿದ್ದರೆ 180 ದಿನದೊಳಗೆ ದೂರು ಹಾಕಬೇಕು. "ಮುಂದಿನ ವಾರ ನೋಡೋಣ" ಎಂದು ಅವರು ಎಳೆದಾಡುವುದರಲ್ಲಿ ಈ ದಿನಗಳೂ ಉರುಳುತ್ತವೆ. ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದ್ದರೆ ಇಂಥ ಅನುಕೂಲ ಸಾಮಾನ್ಯವಾಗಿ ಇಲ್ಲ. ಅದಕ್ಕೇ ಗುರುತಿಲ್ಲದವರ ಹತ್ತಿರ ಕೊಳ್ಳುವಾಗ ಕಾರ್ಡೇ ಒಳ್ಳೆಯದು.

ಇನ್ನು ಕೊನೆಯ ವಿಷಯ, ಹೆಚ್ಚಿನವರು ಯೋಚಿಸದೇ ಬಿಡುವಂಥದ್ದು. ರೀಫಂಡ್ ಬಂದರೆ ಲೆಕ್ಕ ಚುಕ್ತಾ ಆಯಿತೇ? ನಿಮ್ಮ ದುಡ್ಡು ನಿಮಗೆ ಬಂತು, ನಿಜ. ಆದರೆ ಅದೇ ವಸ್ತುವನ್ನು ಈಗ ಕೊಳ್ಳಲು ಜಾಸ್ತಿ ಕೊಡಬೇಕು. ಒಪ್ಪಂದ ಆದ ಮೇಲೆ ಮಾಲು ಕೊಡದಿದ್ದರೆ, ಒಪ್ಪಿದ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ವ್ಯತ್ಯಾಸವೇ ಕೊಳ್ಳುವವನ ನಷ್ಟ ಎಂದು ಇಂಗ್ಲೆಂಡಿನ 1893ರ ಸರಕು ಮಾರಾಟ ಕಾಯ್ದೆಯೇ ಹೇಳಿತ್ತು. ಅದೇ ಬೇರಿನ ಕಾನೂನುಗಳು ಇವತ್ತೂ ಹಲವು ದೇಶಗಳಲ್ಲಿ ಇವೆ. ಅಂದರೆ ರೀಫಂಡಿನ ಮೇಲೆ ಈ ವ್ಯತ್ಯಾಸವನ್ನೂ ಕೇಳುವ ದಾರಿ ಇದೆ. ಸಣ್ಣ ಮೊತ್ತಕ್ಕೆ ಯಾರೂ ಕೋರ್ಟಿಗೆ ಅಲೆಯುವುದಿಲ್ಲ, ಅಲೆಯಲೂ ಬೇಡ. ಆದರೆ ಫ್ರಿಜ್ಜು, ಲ್ಯಾಪ್‌ಟಾಪು, ವಿಮಾನದ ಟಿಕೆಟ್ಟು ಎಂದಾಗ ವ್ಯತ್ಯಾಸ ಸಣ್ಣದಿರುವುದಿಲ್ಲ.

ಅದನ್ನು ಕೇಳಬೇಕಾದರೆ ಎರಡು ಸಾಕ್ಷಿ ಬೇಕು. ಒಂದು, ರದ್ದು ಮಾಡಿದ್ದು ಅವರೇ ಎನ್ನುವ ಬರಹ. ಇನ್ನೊಂದು, ರದ್ದು ಮಾಡುವಾಗ "ಸ್ಟಾಕ್ ಇಲ್ಲ" ಎಂದು ನೆಪ ಹೇಳಿದವರು ಮರುದಿನ ಅದೇ ವಸ್ತುವನ್ನು ಹೊಸ ಬೆಲೆಗೆ ಮಾರಾಟಕ್ಕೆ ಇಟ್ಟ ಪುಟದ ಸ್ಕ್ರೀನ್‌ಶಾಟ್, ತಾರೀಖು ಕಾಣುವ ಹಾಗೆ. ಈ ಪುಟ ಬಹಳ ದಿನ ಇರುವುದಿಲ್ಲ. ಅವರು ರದ್ದು ಮಾಡಿದ ದಿನವೇ ಹೋಗಿ ನೋಡಿ.

ಈಗ ನಿಮ್ಮ ಪ್ರಶ್ನೆಗಳು. ಕೇಳುವವರು ಆರ್ಡರ್‌ನ ಮೇಲ್ ಫೋನಿನಲ್ಲಿ ಇದ್ದರೆ ತೆಗೆದು ಇಟ್ಟುಕೊಳ್ಳಿ. ಅದರಲ್ಲಿ ಏನು ಬರೆದಿದೆ ಎಂದು ನೋಡದೆ ಉತ್ತರ ಹೇಳೋದು ಕಷ್ಟ.