ಕೆರೆ ಏರಿಯ ಮೇಲೆ ಎಂಟು ನಿಮಿಷ ನಾಲ್ಕು ಸೆಕೆಂಡು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಹಾಸನ ತಾಲ್ಲೂಕಿನ ನಮ್ಮ ಊರಿನ ಕೆರೆ ಏರಿ. ಬೆಳಗಿನ ಆರೂವರೆ ಗಂಟೆ, ನೀರಿನ ಮೇಲಿನ ಮಂಜು ಇನ್ನೂ ಕರಗಿಲ್ಲ. ಮಣ್ಣಿನ ದಾರಿಗೆ ಅಡ್ಡಲಾಗಿ ಕಾಣುತ್ತಿರುವ ಬಿಳಿಯ ಗೆರೆಗಳನ್ನು ನಿನ್ನೆ ಸಂಜೆ ನಾನೂ ನನ್ನ ತಮ್ಮನೂ ಸುಣ್ಣದ ಪುಡಿಯಲ್ಲಿ ಎಳೆದೆವು. 50 ಮೀಟರ್ ಉದ್ದದ ಹಗ್ಗವನ್ನು ಆಚೆ ತುದಿ ಅವನು, ಈಚೆ ತುದಿ ನಾನು ಹಿಡಿದು, ತೂಬಿನಿಂದ ಕೋಡಿಯ ಕಡೆಗೆ ಎಂಟು ಸಲ ಅಳೆದು, ಅಳತೆಗೊಂದು ಗೆರೆ ಹಾಕಿದೆವು. ತೂಬಿನಿಂದ ಹೊರಟು ಎಂಟನೆಯ ಗೆರೆ ಮುಟ್ಟಿ ಹಿಂದಿರುಗಿದರೆ 800 ಮೀಟರ್. ಒಲಿಂಪಿಕ್ಸ್ ಈಜುಕೊಳದ ಉದ್ದ 50 ಮೀಟರ್ ಆದ್ದರಿಂದ, ಅಲ್ಲಿ ಈ ದೂರವನ್ನು ಮುಗಿಸಲು ಹದಿನಾರು ಸಲ ಗೋಡೆ ಮುಟ್ಟಬೇಕು.

ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ ಈ 800 ಮೀಟರನ್ನು 8 ನಿಮಿಷ 4.12 ಸೆಕೆಂಡುಗಳಲ್ಲಿ ಈಜಿದ್ದಾರೆ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 6 ಕಿಲೋಮೀಟರ್, ಅಂದರೆ ಗದ್ದೆಗೆ ಬುತ್ತಿ ತಡವಾಯಿತೆಂದು ಬಿರಬಿರನೆ ಹೆಜ್ಜೆ ಹಾಕುವವರ ವೇಗ. ಆ ವೇಗದಲ್ಲಿ ಅವರ ಜೊತೆ ನಾನು ನೆಲದ ಮೇಲೆ ನಡೆದು ನೋಡಬೇಕು ಎಂಬುದು ನನ್ನ ಬಹುದಿನದ ಆಸೆ. ನಡೆಯುವಾಗ ಮಾತಾಡುವಷ್ಟು ಉಸಿರು ಉಳಿಯದ ಕಾರಣ, ನೀವು ಕೇಳುತ್ತಿರುವ ಈ ಮಾತುಗಳನ್ನು ಮನೆಗೆ ಬಂದ ಮೇಲೆ ಸೇರಿಸಿದ್ದೇನೆ.

ಮೊದಲ ಗೆರೆಯನ್ನು 31 ಸೆಕೆಂಡಿಗೆ ದಾಟಿದ್ದೇನೆ. ಲೆಡೆಕಿಯವರಿಗೆ ಒಂದೊಂದು ಉದ್ದಕ್ಕೆ ಸರಾಸರಿ 30 ಸೆಕೆಂಡಿನ ಮೇಲೆ ಸ್ವಲ್ಪವೇ ಸ್ವಲ್ಪ. ಅದೂ ಒಂದೆರಡು ಉದ್ದಕ್ಕಲ್ಲ, ಹದಿನಾರಕ್ಕೂ.

ಲೆಡೆಕಿ ಹುಟ್ಟಿದ್ದು 1997ರ ಮಾರ್ಚ್ 17ರಂದು, ವಾಷಿಂಗ್ಟನ್ ನಗರದಲ್ಲಿ. ಬೆಳೆದದ್ದು ಪಕ್ಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ. ತಾಯಿ ತಮ್ಮ ಕಾಲೇಜು ದಿನಗಳಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಪರವಾಗಿ ಈಜಿದವರು. ಆರನೆಯ ವಯಸ್ಸಿನಲ್ಲಿ ಅಣ್ಣನ ಜೊತೆ ಬಡಾವಣೆಯ ಈಜುಕೊಳಕ್ಕಿಳಿದ ಹುಡುಗಿ, ಹದಿನೈದನೆಯ ವಯಸ್ಸಿಗೆ 2012ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟು ನಿಂತಾಗ, ಅಮೆರಿಕದ ಇಡೀ ತಂಡದಲ್ಲಿ ಅವರಷ್ಟು ಚಿಕ್ಕವರು ಇನ್ನೊಬ್ಬರಿರಲಿಲ್ಲ. 800 ಮೀಟರ್ ಫೈನಲ್‌ನಲ್ಲಿ ಬ್ರಿಟನ್ನಿನ ರೆಬೆಕಾ ಆಡ್ಲಿಂಗ್ಟನ್ ಇದ್ದರು. ಹಿಂದಿನ ಒಲಿಂಪಿಕ್ಸ್‌ನ ಚಿನ್ನ, ವಿಶ್ವದಾಖಲೆ ಎರಡೂ ಅವರವೇ. ಪ್ರೇಕ್ಷಕರೂ ಅವರ ಕಡೆಯವರೇ. ಆ ಸದ್ದಿನ ನಡುವೆ ಲೆಡೆಕಿ ಮೊದಲಿನಿಂದಲೂ ಮುಂದೆ ಹೋಗಿ, ಎರಡನೆಯವರಿಗಿಂತ ನಾಲ್ಕು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ, 8 ನಿಮಿಷ 14.63 ಸೆಕೆಂಡಿಗೆ ಗೋಡೆ ಮುಟ್ಟಿದರು. ಜಾನೆಟ್ ಇವಾನ್ಸ್ 1989ರಲ್ಲಿ ಬರೆದಿದ್ದ ಅಮೆರಿಕದ ದಾಖಲೆ ಅಂದು ಅಳಿಸಿಹೋಯಿತು.

ಇಲ್ಲಿ ಒಂದು ಕ್ಷಣ ತೂಬಿನ ಈ ಕಲ್ಲುಗಳನ್ನು ನೋಡಿ. ನನ್ನ ವಾರಿಗೆಯ ಹುಡುಗರೆಲ್ಲ ಈಜು ಕಲಿತದ್ದು ಈ ಕಲ್ಲಿನ ಮೇಲಿಂದ ಧುಮುಕಿಯೇ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಸೊಂಟದ ಹಗ್ಗವನ್ನು ಚಿಕ್ಕಪ್ಪನೋ ಮಾವನೋ ಹಿಡಿದುಕೊಂಡಿರುತ್ತಿದ್ದರು. ಹುಡುಗಿಯರಾದ ನಾವು ಆ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆವು. ನೀರು ಮೊಣಕಾಲು ದಾಟಿದರೆ ಗದರಿಸಿ ಹಿಂದಕ್ಕೆ ಕರೆಯುತ್ತಿದ್ದರು. ನಾನು ಈಜು ಕಲಿತದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹಾಸನ ಪೇಟೆಯ ಈಜುಕೊಳವೊಂದರಲ್ಲಿ. ಮೊದಲ ವಾರವೆಲ್ಲ ಅಂಚಿನ ಹೆಂಚನ್ನು ಬಿಡದೆ ಹಿಡಿದು ಹಿಡಿದು ಬೆರಳ ತುದಿಗಳು ನೆನೆಹಾಕಿದ ಕಡಲೆಯಂತೆ ಸುಕ್ಕುಗಟ್ಟಿದ್ದವು. ಕೈ ಬಿಟ್ಟ ದಿನ ನಾನು ಅತ್ತಿದ್ದೇನೆ. ಹೆಣ್ಣುಮಕ್ಕಳಿಗೆ ಇಷ್ಟು ಆಳ ಸಾಕು, ಇಷ್ಟು ದೂರ ಸಾಕು ಎಂದು ಯಾರೋ ನಿಗದಿ ಮಾಡುವ ಅಭ್ಯಾಸ ನಮ್ಮ ಊರಿನದಷ್ಟೇ ಎಂದುಕೊಂಡಿದ್ದೆ. ಒಲಿಂಪಿಕ್ಸ್‌ನಲ್ಲಿ ಗಂಡಸರು 1908ರಿಂದಲೇ 1500 ಮೀಟರ್ ಈಜುತ್ತ ಬಂದಿದ್ದರೆ, ಹೆಂಗಸರಿಗೆ 800 ಮೀಟರ್ ಸಿಕ್ಕಿದ್ದು 1968ರಲ್ಲಿ. 1500 ಮೀಟರ್ ಸಿಗಲು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ವರೆಗೆ ಕಾಯಬೇಕಾಯಿತು. ಲೆಡೆಕಿ 2018ರಲ್ಲಿ 1500 ಮೀಟರನ್ನು 15 ನಿಮಿಷ 20.48 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಬರೆದಾಗ, ಆ ದೂರದಲ್ಲಿ ಅವರಿಗೆ ಕೊಡಲು ಒಲಿಂಪಿಕ್ಸ್‌ನಲ್ಲಿ ಇನ್ನೂ ಪದಕವೇ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎಂಟನೆಯ ಗೆರೆ. ಇಲ್ಲಿಂದ ಹಿಂದಕ್ಕೆ ತಿರುಗಬೇಕು. ಗಡಿಯಾರ 4 ನಿಮಿಷ 12 ಸೆಕೆಂಡು ತೋರಿಸುತ್ತಿದೆ. ಅವರು ಆಗಲೇ ತಿರುಗಿ ಹತ್ತು ಸೆಕೆಂಡಾಗಿದೆ.

2016ರ ರಿಯೊದಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೆಡೆಕಿ 200, 400 ಮತ್ತು 800 ಮೀಟರ್ ಫ್ರೀಸ್ಟೈಲ್ ಮೂರನ್ನೂ ಗೆದ್ದರು. 1968ರಲ್ಲಿ ಡೆಬ್ಬಿ ಮೇಯರ್ ಮಾಡಿದ ಮೇಲೆ ಇನ್ಯಾರಿಗೂ ಸಾಧ್ಯವಾಗದ ಕೆಲಸ ಅದು. ರಿಲೇಗಳಲ್ಲಿ ಒಂದು ಚಿನ್ನ, ಒಂದು ಬೆಳ್ಳಿ ಬೇರೆ. ಅಂದಿನ 800 ಮೀಟರ್ ಫೈನಲ್ಲಿನ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 8 ನಿಮಿಷ 4.79 ಸೆಕೆಂಡಿಗೆ ಮುಗಿಸಿ, ಅವರು ಹಿಂತಿರುಗಿ ನೋಡಿದರೆ ಕೊಳದಲ್ಲಿ ಉಳಿದವರೆಲ್ಲ ಇನ್ನೂ ಈಜುತ್ತಲೇ ಇದ್ದಾರೆ. ಎರಡನೆಯವರಾದ ಜಾಝ್ ಕಾರ್ಲಿನ್ ಗೋಡೆ ಮುಟ್ಟುವ ಹೊತ್ತಿಗೆ 11 ಸೆಕೆಂಡಿಗೂ ಹೆಚ್ಚು ಕಳೆದಿತ್ತು. ನಾಗಾಲೋಟದ ಕುದುರೆಯಂತೆ ಒಂದು ಭುಜ ಏರಿ ಇಳಿಯುವ, ಅಷ್ಟು ರಭಸದಲ್ಲೂ ಲಯ ತಪ್ಪದ ಅವರ ಈಜನ್ನು ಒಮ್ಮೆ ನೋಡಿದರೆ, ಮುಖ ಕಾಣದಿದ್ದರೂ ಅದು ಅವರೇ ಎಂದು ಗುರುತಿಸಬಹುದು.

ಆದರೆ ಲೆಡೆಕಿಯವರನ್ನು ನಾನು ಮೆಚ್ಚಿಕೊಂಡದ್ದು ಆ ಗೆಲುವಿಗಾಗಿ ಅಲ್ಲ, ಅದರ ನಂತರದ ವರ್ಷಗಳಿಗಾಗಿ. ಹತ್ತೊಂಬತ್ತಕ್ಕೆ ಶಿಖರ ಮುಟ್ಟಿದವರಿಗೆ ಆಮೇಲೆ ಎದುರಾಳಿಯಾಗಿ ನಿಲ್ಲುವುದು ಆ ಹತ್ತೊಂಬತ್ತರ ತಾನೇ. ಟೋಕಿಯೊದಲ್ಲಿ 400 ಮೀಟರ್ ಚಿನ್ನವನ್ನು ಆಸ್ಟ್ರೇಲಿಯಾದ ಅರಿಯಾರ್ನ್ ಟಿಟ್ಮಸ್ ಗೆದ್ದರು. ಎರಡು ದಿನಗಳ ಬಳಿಕ 200 ಮೀಟರ್ ಫೈನಲ್‌ನಲ್ಲಿ ಲೆಡೆಕಿ ಐದನೆಯವರಾದರು; ಒಲಿಂಪಿಕ್ಸ್‌ನಲ್ಲಿ ಅಲ್ಲಿಯವರೆಗೆ ಯಾವ ಫೈನಲ್‌ನಲ್ಲೂ ಪದಕವಿಲ್ಲದೆ ಬಂದವರಲ್ಲ. ಅದೇ ಬೆಳಗ್ಗೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ನೀರಿಗಿಳಿದು, ಹೆಂಗಸರಿಗೆ ಮೊಟ್ಟಮೊದಲು ಸಿಕ್ಕ 1500 ಮೀಟರ್ ಸ್ಪರ್ಧೆಯನ್ನು, ಮೂವತ್ತು ಉದ್ದಗಳನ್ನು, ಅವರು ಗೆದ್ದರು. ಗೆದ್ದ ಮೇಲೆ ಅವರ ಕಣ್ಣು ತುಂಬಿಬಂದದ್ದನ್ನು ಕಂಡವರು ಮರೆಯಲಾರರು. ಸೋತ ನೋವನ್ನು ಮೈಯಲ್ಲಿ ಇಟ್ಟುಕೊಂಡೇ ಒಂದೂವರೆ ಕಿಲೋಮೀಟರ್ ಈಜುವುದೆಂದರೆ ಏನು ಎಂಬುದು, 25 ಮೀಟರ್ ಈಜಿ ಏದುಸಿರು ಬಿಡುವ ನನಗೆ ಊಹೆಗೂ ನಿಲುಕದು.

ಹಿಂದಿರುಗುವ ದಾರಿಯಲ್ಲಿ, ಲೆಕ್ಕಕ್ಕೆ ಹನ್ನೊಂದನೆಯ ಗೆರೆಯ ಹತ್ತಿರ, ಎಮ್ಮೆ ಹೊಡೆದುಕೊಂಡು ಎದುರಿಗೆ ಬಂದ ಅಜ್ಜ ನನ್ನನ್ನು ನೋಡಿ ನಿಂತರು.

“ಯಾಕವ್ವಾ, ಹಿಂಗ್ ಓಡ್ತಾ ಇದ್ದೀಯ? ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ಲ ತಾತ, ಅಮೆರಿಕದ ಒಬ್ಬ ಹೆಣ್ಣುಮಗಳ ಜೊತೆ ಪಂದ್ಯ.”

“ಎಲ್ಲವ್ಳೆ?”

“ನೀರಲ್ಲವ್ಳೆ ತಾತ, ಮುಂದೆ ಹೋದ್ಲು” ಎಂದೆ. ಅವರು ಕೆರೆಯ ಕಡೆ ಒಮ್ಮೆ ನೋಡಿ, ಎಮ್ಮೆಗಳನ್ನು ಏರಿಯ ಅಂಚಿಗೆ ಸರಿಸಿ ನನಗೆ ದಾರಿ ಬಿಟ್ಟರು.

ಟೋಕಿಯೊ ನಂತರ ಲೆಡೆಕಿ ಕ್ಯಾಲಿಫೋರ್ನಿಯಾದಿಂದ ಫ್ಲಾರಿಡಾಕ್ಕೆ ಹೋಗಿ ಆಂಟನಿ ನೆಸ್ಟಿಯವರ ಬಳಿ ತರಬೇತಿಗೆ ಸೇರಿದರು. ನೆಸ್ಟಿಯವರ ಕಥೆಯೂ ಹೇಳಲೇಬೇಕಾದದ್ದು. ಸುರಿನಾಮ್ ಎಂಬ ಪುಟ್ಟ ದೇಶದಿಂದ ಬಂದು, 1988ರ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈಯಲ್ಲಿ ಅಮೆರಿಕದ ಮ್ಯಾಟ್ ಬಿಯಾಂಡಿಯವರನ್ನು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಸೋಲಿಸಿದವರು ಅವರು. ಒಲಿಂಪಿಕ್ಸ್ ಅಳತೆಯ ಈಜುಕೊಳ ಇಡೀ ದೇಶಕ್ಕೆ ಒಂದೇ ಇದ್ದ ಕಾಲದಲ್ಲಿ ಬೆಳೆದವರು. ಜಿಲ್ಲಾ ಕೇಂದ್ರಗಳ ಮಕ್ಕಳಿಗೆ ಈ ಮಾತನ್ನು ನಾನು ಆಗಾಗ ಹೇಳುತ್ತಿರುತ್ತೇನೆ.

ನಿಂತಾಗ ಹೃದಯದ ಬಡಿತ ಏಕಾಏಕಿ ಏರಿ, ತಲೆ ಸುತ್ತಿ, ಸುಸ್ತು ಆವರಿಸುವ ಒಂದು ಕಾಯಿಲೆ ತಮಗಿದೆಯೆಂದು, ರಿಯೊಗೂ ಮೊದಲೇ ಅದು ಪತ್ತೆಯಾಗಿತ್ತೆಂದು ಲೆಡೆಕಿ 2024ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದರು. ಅಷ್ಟು ವರ್ಷ ಅದನ್ನು ನೆಪವಾಗಿ ಎಲ್ಲೂ ಹೇಳಿಕೊಂಡವರಲ್ಲ. ಅದೇ ವರ್ಷ ಪ್ಯಾರಿಸ್‌ನಲ್ಲಿ 1500 ಮೀಟರ್ ಮತ್ತೆ ಗೆದ್ದು, ಆಗಸ್ಟ್ 3ರಂದು 800 ಮೀಟರ್‌ನಲ್ಲಿ ಟಿಟ್ಮಸ್ ಅವರನ್ನು ಹಿಂದಿಕ್ಕಿದರು. ಲಂಡನ್ನಿನ ಆ ಮೊದಲ ಚಿನ್ನ ಬಂದದ್ದೂ ಆಗಸ್ಟ್ 3ರಂದೇ. ಸರಿಯಾಗಿ ಹನ್ನೆರಡು ವರ್ಷ, ಒಂದೇ ದೂರ, ನಾಲ್ಕು ಒಲಿಂಪಿಕ್ಸ್, ನಾಲ್ಕು ಚಿನ್ನ. ಒಟ್ಟು 9 ಚಿನ್ನ ಸೇರಿ 14 ಪದಕ. ಅಷ್ಟು ಒಲಿಂಪಿಕ್ ಚಿನ್ನ ಗೆದ್ದ ಇನ್ನೊಬ್ಬ ಹೆಣ್ಣುಮಗಳೆಂದರೆ ಸೋವಿಯತ್ ಒಕ್ಕೂಟದ ಜಿಮ್ನಾಸ್ಟ್ ಲಾರಿಸಾ ಲಾಟಿನಿನಾ. ಪ್ಯಾರಿಸ್‌ನ ಅದೇ ಕೊಳದಲ್ಲಿ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದಿದ್ದ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು ಅವರಿಗೆ ಆಗ 14 ವರ್ಷ.

ಇಷ್ಟಾದರೂ ಪ್ಯಾರಿಸ್‌ನಲ್ಲಿ ಲೆಡೆಕಿಯವರ ಆ 800 ಮೀಟರ್ ಚಿನ್ನದ ಸಮಯ 8 ನಿಮಿಷ 11.04 ಸೆಕೆಂಡು. ರಿಯೊದ ಆ ಹತ್ತೊಂಬತ್ತರ ಹುಡುಗಿ ಇನ್ನೂ ಆರು ಸೆಕೆಂಡಿಗೂ ಹೆಚ್ಚು ಮುಂದಿದ್ದಳು. ಆ ಹುಡುಗಿಯನ್ನು ಇನ್ನು ಹಿಡಿಯುವುದು ಆಗದ ಮಾತೆಂದು ನನ್ನಂಥ ಅಭಿಮಾನಿಗಳೂ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆವು. 2025ರ ಮೇ 3ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ, ಒಲಿಂಪಿಕ್ಸ್ ಅಲ್ಲ, ವಿಶ್ವ ಚಾಂಪಿಯನ್‌ಷಿಪ್ ಕೂಡ ಅಲ್ಲದ ಒಂದು ಕೂಟದಲ್ಲಿ, ಇಪ್ಪತ್ತೆಂಟರ ಲೆಡೆಕಿ 8 ನಿಮಿಷ 4.12 ಸೆಕೆಂಡಿಗೆ ಗೋಡೆ ಮುಟ್ಟಿದರು. ಒಂಬತ್ತು ವರ್ಷ ದುಡಿದು ಗಳಿಸಿದ್ದು 67 ನೂರಂಶ ಸೆಕೆಂಡು. ಫಲಕ ನೋಡಿದ ಲೆಡೆಕಿ ನೀರಿಗೆ ಕೈ ಬಡಿದು ಕೂಗಿದರು. ಅಷ್ಟೊಂದು ಪದಕ ಗೆದ್ದವರು, ಪದಕವೇ ಲೆಕ್ಕಕ್ಕಿಲ್ಲದ ದಿನ ಹಾಗೆ ಕೂಗಿದ್ದನ್ನು ನೋಡಿ ನನಗೂ ಗಂಟಲು ಕಟ್ಟಿತು. ಮೂರು ತಿಂಗಳ ನಂತರ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯಾದ ಲಾನಿ ಪ್ಯಾಲಿಸ್ಟರ್ ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಬೆನ್ನಟ್ಟಿ ಬಂದರೂ, 800 ಮೀಟರ್ ಚಿನ್ನವನ್ನು ಲೆಡೆಕಿ ಬಿಟ್ಟುಕೊಡಲಿಲ್ಲ.

ಹದಿನಾಲ್ಕು. ಹದಿನೈದು. ಮಂಜು ಕರಗಿ ತೂಬಿನ ಕಲ್ಲು ಈಗ ಸ್ಪಷ್ಟವಾಗಿ ಕಾಣುತ್ತಿದೆ, ಮೀನಖಂಡ ಬಿಗಿದುಕೊಂಡಿದೆ, ಕೊನೆಯ ಗೆರೆಯ ಹತ್ತಿರ ತಮ್ಮ ಗಡಿಯಾರ ಹಿಡಿದು ನಿಂತಿದ್ದಾನೆ. ಗೆರೆ ದಾಟಿದೆ: 8 ನಿಮಿಷ 31 ಸೆಕೆಂಡು. ಗಟ್ಟಿ ನೆಲದ ಮೇಲೆ, ಬೇಕಾದಾಗಲೆಲ್ಲ ಉಸಿರೆಳೆದುಕೊಂಡು ನಾನು ಇಲ್ಲಿಗೆ ಬಂದು ತಲುಪುವಷ್ಟರಲ್ಲಿ, ಅವರು ಈಜಿ ಮುಗಿಸಿ 27 ಸೆಕೆಂಡಾಗಿತ್ತು.