ಕಲ್ಲು ಮುಗುಚಿ ನೋಡಿದ ಮೇಲೆ: ಸ್ಪ್ರಿಂಗ್ ಕ್ರೀಕ್‌ನಲ್ಲಿ ನನ್ನ ಫ್ಲೈ ಫಿಶಿಂಗ್

ಈ ಕಲ್ಲು ನೋಡಿ. ಅಂಗೈ ಅಗಲ ಇದೆ, ಅಷ್ಟೇ. ಈಗಷ್ಟೇ ಹಳ್ಳದಿಂದ ಎತ್ತಿದ್ದೇನೆ, ನೀರು ಸೋರುತ್ತಿದೆ. ತಾಳಿ, ಕ್ಯಾಮೆರಾ ಹತ್ತಿರ ತರುತ್ತೇನೆ. ನನ್ನ ಹೆಬ್ಬೆರಳಿನ ಪಕ್ಕ, ಅಕ್ಕಿ ಕಾಳಿನಷ್ಟು ಉದ್ದದ ಒಂದು ಹುಳು ಓಡುತ್ತಿದೆ. ಕಾಣಿಸಿತಾ? ಹಿಂದೆ ಮೂರು ಬಾಲ, ಕೂದಲೆಳೆಯ ಹಾಗೆ. ಬೊಗಸೆ ನೀರಿಗೆ ಬಿಟ್ಟರೆ ಹೊಟ್ಟೆಯ ಎರಡೂ ಕಡೆ ಸಣ್ಣ ಸಣ್ಣ ಗರಿಗಳು ಪಟಪಟ ಬಡಿಯುತ್ತವೆ. ಅವೇ ಇದರ ಕಿವಿರು. ಇದು ಮೇಫ್ಲೈ ಅನ್ನೋ ಕೀಟದ ಮರಿ. ಇಲ್ಲಿ ನಿಂಫ್ ಅನ್ನುತ್ತಾರೆ.

ಅದರ ಪಕ್ಕದಲ್ಲಿ ಅಂಟಿಕೊಂಡಿರುವುದು ಕಸ ಅಲ್ಲ. ಅದೊಂದು ಮನೆ. ಕ್ಯಾಡಿಸ್ ಅನ್ನೋ ಇನ್ನೊಂದು ಹುಳು ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿಕೊಂಡ ಕೊಳವೆ. ಒಳಗೆ ಹುಳು ಇದೆ. ಹಾಗಾಗಿ ಕಲ್ಲನ್ನು ಎತ್ತಿದ ಜಾಗದಲ್ಲೇ, ಇದ್ದ ಹಾಗೇ ಮೆತ್ತಗೆ ಇಡುತ್ತೇನೆ.

ನಮಸ್ಕಾರ. ನಾನು ಈಗ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಅನ್ನೋ ಊರಿನ ಪಕ್ಕ, ಸ್ಪ್ರಿಂಗ್ ಕ್ರೀಕ್ ಅನ್ನೋ ಹಳ್ಳದ ದಡದಲ್ಲಿದ್ದೇನೆ. ಮೇ ತಿಂಗಳ ಕೊನೆ. ಸಂಜೆ ಆರೂವರೆ, ಇನ್ನೂ ಒಳ್ಳೆ ಬಿಸಿಲಿದೆ. ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಹತ್ತು ನಿಮಿಷ. ಫ್ಲೈ ಫಿಶಿಂಗ್, ಅಂದರೆ ಫ್ಲೈ ಅನ್ನೋ ಹುಸಿ ಹುಳು ಕಟ್ಟಿ ಮೀನು ಹಿಡಿಯುವುದು, ಹೇಗೆ ಶುರು ಮಾಡಿದಿರಿ, ನಾವೂ ಮಾಡಬಹುದಾ ಅಂತ ತುಂಬಾ ಜನ ಕೇಳಿದ್ದೀರಿ. ಅದಕ್ಕೇ ಈ ವಿಡಿಯೊ. ರಾಡ್, ಅಂದರೆ ಗಾಳದ ಕೋಲು, ತೋರಿಸುವ ಮೊದಲು ಕಲ್ಲು ತೋರಿಸಿದೆ. ಬೇಕೆಂದೇ ಹಾಗೆ ಮಾಡಿದೆ.

ಯಾಕೆ ಅಂದರೆ, ಮೊದಲ ಬೇಸಿಗೆ ಪೂರ್ತಿ ನಾನು ಒಂದು ಕಲ್ಲನ್ನೂ ಎತ್ತಿ ನೋಡಲಿಲ್ಲ. ತೀರ್ಥಹಳ್ಳಿ ಕಡೆಯ ಹುಡುಗ ನಾನು. ಚಿಕ್ಕಂದಿನಲ್ಲಿ ಹಳ್ಳಕ್ಕೆ ಇಳಿದರೆ ಮೊದಲ ಕೆಲಸವೇ ಕಲ್ಲು ಮುಗುಚಿ ಏಡಿ ಹುಡುಕುವುದು. ಯಾವ ಕಲ್ಲಿನ ಕೆಳಗೆ ಏಡಿ ಇದ್ದೀತು ಅಂತ ನೀರು ನೋಡಿಯೇ ಹೇಳುತ್ತಿದ್ದೆವು. ಇಲ್ಲಿಗೆ ಬಂದು ರಾಡು, ರೀಲು, ಲೈನು ಅಂತ ಸಾಮಾನು ಕೊಳ್ಳುವ ಭರದಲ್ಲಿ ಅದೆಲ್ಲ ಮರೆತೇ ಹೋಗಿತ್ತು. ಅಂಗಡಿಯಲ್ಲಿ ಚೆನ್ನಾಗಿ ಕಂಡ ಫ್ಲೈ ಕಟ್ಟುತ್ತಿದ್ದೆ, ಎಸೆಯುತ್ತಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು, ಒಂದೇ ಒಂದು ಮೀನು ಕಚ್ಚಲಿಲ್ಲ. ಬೇಜಾರಾಗಿ ಒಂದು ದಿನ ದಡದಲ್ಲಿ ಕೂತಿದ್ದಾಗ, ಹಳೇ ಅಭ್ಯಾಸ ನೋಡಿ, ಕೈ ತಾನಾಗಿಯೇ ಒಂದು ಕಲ್ಲನ್ನು ಮುಗುಚಿತು. ಅಡಿಯಲ್ಲಿ ಹತ್ತಾರು ಹುಳು. ಬೂದು ಬಣ್ಣದ್ದು, ಕಂದು ಬಣ್ಣದ್ದು, ಎಲ್ಲ ಚಿಕ್ಕವು. ನನ್ನ ಡಬ್ಬಿ ತೆರೆದು ನೋಡಿದೆ. ಅದರಲ್ಲಿದ್ದವೆಲ್ಲ ಬಣ್ಣಬಣ್ಣದ, ಉಗುರಿನಷ್ಟು ದೊಡ್ಡ ಫ್ಲೈಗಳು. ಈ ಹಳ್ಳದ ಮೀನು ಹುಟ್ಟಿದಾಗಿನಿಂದ ನೋಡದೇ ಇರುವ ಊಟವನ್ನು ಅದಕ್ಕೆ ಬಡಿಸುತ್ತಿದ್ದೆ.

ಸರಿ, ಈಗ ಸಾಮಾನಿನ ಮಾತು. ನಮ್ಮೂರ ಗಾಳ ಎಲ್ಲರಿಗೂ ಗೊತ್ತು ಅಲ್ವಾ? ಬಿದಿರಿನ ಕೋಲು, ನೈಲಾನ್ ದಾರ, ಎರೆಹುಳು, ಚೂರು ಸೀಸ. ಸೀಸದ ಭಾರಕ್ಕೆ ದಾರ ಮುಂದೆ ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಸಣ್ಣ ಕೊಕ್ಕೆಗೆ ನೂಲು, ಗರಿ, ತುಪ್ಪಳ ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ. ಕೈಯಲ್ಲಿ ಹಿಡಿದು ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಇಲ್ಲಿ ಭಾರ ಇರುವುದು ದಾರದಲ್ಲಿ. ಈ ಹಳದಿ ಲೈನ್ ಮುಟ್ಟಿದರೆ ಗೊತ್ತಾಗುತ್ತದೆ, ದಪ್ಪ, ಮೇಲೆ ಪ್ಲಾಸ್ಟಿಕ್ಕಿನ ಲೇಪ. ನಾವು ಎಸೆಯುವುದು ಲೈನನ್ನು. ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಲೈನಿನ ಭಾರಕ್ಕೆ ತಕ್ಕ ಹಾಗೆ ನಂಬರ್ ಇರುತ್ತದೆ. ನನ್ನದು 9 ಅಡಿ ಉದ್ದದ, 5ನೇ ನಂಬರ್ ತೂಕದ ರಾಡ್. ಲೈನೂ 5ನೆಯದೇ. ಹೊಸಬರಿಗೆ ಇದೊಂದು ಜೋಡಿ ಸಾಕು, ಇನ್ನೊಂದರ ಕಡೆ ನೋಡಬೇಡಿ. ಲೈನಿನ ತುದಿಗೆ ಲೀಡರ್. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳು. ಅದರ ತುದಿಗೆ ಟಿಪ್ಪೆಟ್ ಅನ್ನೋ ಸಣ್ಣ ದಾರ. ಟಿಪ್ಪೆಟ್ ಸುರುಳಿಯ ಮೇಲೆ 4ಎಕ್ಸ್, 5ಎಕ್ಸ್, 6ಎಕ್ಸ್ ಅಂತ ಬರೆದಿರುತ್ತದೆ. ನಂಬರ್ ಜಾಸ್ತಿ ಆದಷ್ಟೂ ದಾರ ತೆಳು. 11ರಿಂದ ಆ ನಂಬರ್ ಕಳೆಯಿರಿ, ಒಂದು ಇಂಚಿನ ಸಾವಿರದಲ್ಲಿ ಅಷ್ಟು ಪಾಲು ದಪ್ಪ. 5ಎಕ್ಸ್ ಅಂದರೆ ಸಾವಿರದಲ್ಲಿ 6 ಪಾಲು. ಕೊಕ್ಕೆಯ ಲೆಕ್ಕವೂ ಹೀಗೇ ತಲೆಕೆಳಗು: 10ಕ್ಕಿಂತ 16 ಚಿಕ್ಕದು. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿ ಬಿಸಿಯಾಗಿ ದಾರ ದುರ್ಬಲವಾಗುತ್ತದೆ.

ಲೈಸೆನ್ಸ್ ಮಾತ್ರ ಮರೆಯಬೇಡಿ. ಪೆನ್ಸಿಲ್ವೇನಿಯಾದಲ್ಲಿ 16 ವರ್ಷ ತುಂಬಿದವರಿಗೆಲ್ಲ ಬೇಕು. ಟ್ರೌಟ್ ಅನ್ನೋ ತಣ್ಣೀರಿನ ಮೀನು ಹಿಡಿಯಲು ಅದರ ಜೊತೆ ಬೇರೆ ಪರ್ಮಿಟ್ ಕೂಡ ಬೇಕು.

ಎಸೆಯುವುದನ್ನು ಹಳ್ಳದಲ್ಲಿ ಕಲಿಯಬೇಡಿ. ಹುಲ್ಲಿನ ಮೈದಾನಕ್ಕೆ ಹೋಗಿ. ಕೊಕ್ಕೆ ಬೇಡ, ಒಂದು ಚೂರು ಕೆಂಪು ಉಲ್ಲನ್ ಕಟ್ಟಿಕೊಳ್ಳಿ. ಬಟ್ಟೆ ಒಗೆಯುವ ಹಾಗೆ ಬೀಸಿದರೆ ಆಗುವುದಿಲ್ಲ. ಬ್ರಷ್ ಬಣ್ಣದಲ್ಲಿ ಅದ್ದಿ ಗೋಡೆಗೆ ಚಿಮ್ಮಿಸುತ್ತೀರಲ್ಲ, ಆ ಥರ. ಹಿಂದಕ್ಕೆ ಚಿಮ್ಮು, ನಿಲ್ಲು. ಮುಂದಕ್ಕೆ ಚಿಮ್ಮು, ನಿಲ್ಲು. ಆ ನಿಲ್ಲುವುದರಲ್ಲೇ ಎಲ್ಲ ಇದೆ. ಹಿಂದೆ ಹೋದ ಲೈನ್ ಪೂರ್ತಿ ಬಿಚ್ಚಿಕೊಂಡು ನೆಟ್ಟಗಾಗುವ ತನಕ ಕಾಯಬೇಕು. ಆಗಲೇ ಅದರ ಭಾರ ರಾಡನ್ನು ಬಗ್ಗಿಸುತ್ತದೆ, ಆ ಬಾಗಿದ ರಾಡೇ ಲೈನನ್ನು ಮುಂದಕ್ಕೆ ತಳ್ಳುತ್ತದೆ. ಅವಸರ ಮಾಡಿದರೆ ಚಾಟಿ ಹೊಡೆದ ಹಾಗೆ ಚಟ್ ಅಂತ ಸದ್ದು ಬರುತ್ತದೆ, ಫ್ಲೈ ಕಿತ್ತು ಹೋಗಿರುತ್ತದೆ. ಕುತ್ತಿಗೆ ತಿರುಗಿಸಿ ಹಿಂದೆ ನೋಡಿ. ಅದರಲ್ಲಿ ನಾಚಿಕೆ ಇಲ್ಲ. ನಾನು ಈಗಲೂ ನೋಡುತ್ತೇನೆ.

ಇಲ್ಲಿ ನನ್ನ ಬೆನ್ನ ಹಿಂದೆ ಸಿಕಮೋರ್ ಮರಗಳಿವೆ, ಹಿಂದಕ್ಕೆ ಎಸೆಯಲು ಜಾಗವೇ ಇಲ್ಲ. ಇಂಥ ಕಡೆ ರೋಲ್ ಕಾಸ್ಟ್. ಲೈನ್ ನೀರಿನ ಮೇಲೇ ಇರಲಿ. ರಾಡನ್ನು ನಿಧಾನಕ್ಕೆ ಕಿವಿಯ ಹತ್ತಿರ ತನ್ನಿ, ಲೈನ್ ಹೆಗಲ ಪಕ್ಕ ಇಳಿಬೀಳಲಿ, ಆಮೇಲೆ ಮುಂದಕ್ಕೆ. ಉರುಳಿಕೊಂಡು ಹೋಯಿತು, ನೋಡಿದಿರಾ? ಸಣ್ಣ ಹಳ್ಳದಲ್ಲಿ ನನ್ನ ಮುಕ್ಕಾಲು ಪಾಲು ಕೆಲಸ ಇದರಲ್ಲೇ ಆಗುತ್ತದೆ.

ಈ ಊರಿಗೂ ಫ್ಲೈ ಫಿಶಿಂಗಿಗೂ ಹಳೇ ನಂಟು. ಇಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ವಿ ಅನ್ನುವವರು 1947ರಲ್ಲಿ ಇದನ್ನು ಕ್ರೆಡಿಟ್ ಕೊಡುವ ಪಾಠವನ್ನಾಗಿ ಮಾಡಿದರು. ಅವರ ನಂತರ ಜೋ ಹಂಫ್ರೀಸ್ ಕಲಿಸಿದರು. ಕೆಳಗಡೆ ಬೆಲ್‌ಫಾಂಟ್ ಊರಿನ ಹತ್ತಿರ ಫಿಶರ್‌ಮನ್ಸ್ ಪ್ಯಾರಡೈಸ್ ಅಂತ ಇದೇ ಹಳ್ಳದಲ್ಲಿ ಮೀನು ಹಿಡಿಯುವ ಜಾಗ ಇದೆ, ಅದು 1934ರಷ್ಟು ಹಳೆಯದು.

ಆದರೆ ಈ ಹಳ್ಳದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಒಂದು ರಾಸಾಯನಿಕ ಕಾರ್ಖಾನೆಯಿಂದ ಕೀಪೋನ್, ಮೈರೆಕ್ಸ್ ಅನ್ನೋ ವಿಷ ಈ ನೀರಿಗೆ ಸೇರಿತ್ತು. ಮೀನಿನ ಮೈಯಲ್ಲೂ ಸೇರಿತು. ತಿನ್ನುವ ಹಾಗಿಲ್ಲ ಅಂತಾಯಿತು. 1982ರಿಂದ ಇಲ್ಲಿ ಮೀನು ಹಿಡಿದರೆ ವಾಪಸ್ ಬಿಡಲೇಬೇಕು. ಸಾಕಿದ ಮೀನು ತಂದು ಬಿಡುವುದೂ ನಿಂತಿತು. ಹಾಗೆ ಬಿಟ್ಟದ್ದೇ ಬಿಟ್ಟದ್ದು, ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುವ ಬ್ರೌನ್ ಟ್ರೌಟ್ ತುಂಬಿಕೊಂಡವು. ವಿಷ ಬಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೂ ಹಳ್ಳ ತಾನಾಗಿ ಚೇತರಿಸಿಕೊಂಡಿದ್ದನ್ನು ನೋಡಿದರೆ ಕಣ್ಣು ತುಂಬುತ್ತದೆ.

ನೆಲವೂ ಅದಕ್ಕೆ ಜೊತೆ ಕೊಟ್ಟಿದೆ. ಕೆಳಗಡೆ ಪೂರ್ತಿ ಸುಣ್ಣಕಲ್ಲು. ಮಳೆ ನೀರು ಕಲ್ಲಿನೊಳಗೆ ಇಳಿದು, ಸುಣ್ಣ ಕರಗಿಸಿಕೊಂಡು, ಒರತೆಯಾಗಿ ಮೇಲೆ ಬರುತ್ತದೆ. ಅದಕ್ಕೇ ಬೇಸಿಗೆಯಲ್ಲೂ ನೀರು ತಣ್ಣಗೆ, ಚಳಿಗಾಲದಲ್ಲೂ ಹೆಪ್ಪುಗಟ್ಟುವುದು ಅಪರೂಪ. ಸುಣ್ಣದ ನೀರಿನಲ್ಲಿ ಪಾಚಿ, ಜೊಂಡು, ಹುಳು ಎಲ್ಲ ಸಮೃದ್ಧ. ನನ್ನ ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಉಸಿರಾಟ ಕಷ್ಟ, ಆಗ ಹಿಡಿದು ಬಿಟ್ಟರೂ ಸಾಯಬಹುದು. ಅಂಥ ದಿನ ಸುಮ್ನೆ ದಡದಲ್ಲಿ ಕೂತು ನೋಡಿ ಬರುತ್ತೇನೆ.

ಈಗ ಏಳೂಮುಕ್ಕಾಲು. ಬಿಸಿಲು ಮರದ ತುದಿಗೆ ಹೋಗಿದೆ. ಶಬ್ದ ಸ್ವಲ್ಪ ಜಾಸ್ತಿ ಮಾಡಿಕೊಂಡು ಕೇಳಿ. ಪ್ಲಕ್. ಮತ್ತೆ ಅಲ್ಲಿ, ಪ್ಲಕ್. ಮೀನು ಮೇಲಕ್ಕೆ ಬಂದು ಹುಳು ಹೀರುವ ಸದ್ದು ಅದು.

ನೀರಿನ ಮೇಲೆ ತಿಳಿ ಹಳದಿ ಬಣ್ಣದ, ಪುಟ್ಟ ಹಾಯಿದೋಣಿಯ ಹಾಗೆ ರೆಕ್ಕೆ ನಿಲ್ಲಿಸಿಕೊಂಡು ತೇಲುತ್ತಿವೆಯಲ್ಲ, ಅವು ಸಲ್ಫರ್ ಮೇಫ್ಲೈಗಳು. ಆಗ ಕಲ್ಲಿನ ಕೆಳಗೆ ನೋಡಿದ ಮರಿಗಳೇ ಹೀಗಾಗುವುದು. ಸುಮಾರು ಒಂದು ವರ್ಷ ನೀರಿನಡಿ ಬದುಕಿ, ಇಂಥದೊಂದು ಸಂಜೆ ಮೇಲಕ್ಕೆ ಈಜಿ ಬಂದು, ಚರ್ಮ ಸೀಳಿ ರೆಕ್ಕೆ ಬಿಚ್ಚುತ್ತವೆ. ಹಾರಿ ಎಲೆಯ ಮೇಲೆ ಕೂತು ಇನ್ನೊಂದು ಸಲ ಪೊರೆ ಕಳಚುತ್ತವೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ. ಆಮೇಲೆ ಒಂದೆರಡು ದಿನದ ಆಯಸ್ಸು. ಊಟ ಇಲ್ಲ, ಉಣ್ಣುವ ಬಾಯೂ ಇಲ್ಲ. ಜೋಡಿಯಾಗಿ, ಮೊಟ್ಟೆಯಿಟ್ಟು, ನೀರಿಗೆ ಬೀಳುತ್ತವೆ. ನಮ್ಮೂರಲ್ಲಿ ಮೊದಲ ಮಳೆಗೆ ದೀಪಕ್ಕೆ ಮುತ್ತುವ ಮಳೆಹುಳು ನೆನಪಾಗುತ್ತದೆ ನನಗೆ. ಜಾತಿ ಬೇರೆ, ಸಡಗರ ಅದೇ.

ಆ ಕಲ್ಲಿನ ಬದಿ ನೋಡಿ. ಜೋರು ನೀರು, ನಿಧಾನದ ನೀರು ಎರಡೂ ಸೇರುವ ಕಡೆ ಒಂದು ಗೆರೆ ಇದೆ. ಮೀನು ನಿಧಾನದ ಕಡೆ ನಿಂತಿರುತ್ತದೆ, ಮೈ ದಣಿಯುವುದಿಲ್ಲ. ಊಟ ಜೋರು ನೀರಿನಲ್ಲಿ ತೇಲಿ ಬರುತ್ತದೆ. ಅದರ ಮುಖ ಯಾವಾಗಲೂ ಹರಿವಿಗೆ ಎದುರು. ಹಾಗಾಗಿ ನಾನು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಬರುತ್ತಿದ್ದೇನೆ. ಮೊಣಕಾಲು ನೀರಿಗಿಂತ ಒಳಗೆ ಹೋಗುವುದಿಲ್ಲ.

16ನೇ ನಂಬರಿನ ಹಳದಿ ಫ್ಲೈ. ಮೀನಿಗಿಂತ ಒಂದು ಮಾರು ಆಚೆ, ಹರಿವಿನ ಮೇಲ್ಗಡೆ ಬಿಟ್ಟೆ. ಈಗ ಫ್ಲೈ ತೇಲುವ ಎಲೆಯ ಹಾಗೇ ಬರಬೇಕು. ಲೈನ್ ಎಳೆದು ಅದು ಚೂರು ಅಡ್ಡ ಜಾರಿದರೂ ಮೀನು ಮುಟ್ಟುವುದಿಲ್ಲ. ಮೊದಲ ಸಲ ಜಾರಿತು. ಎರಡನೆಯದೂ ಜಾರಿತು. ನೀರಿನ ಮೇಲೆ ಬಾಗಿದ ಲೈನಿನ ನಡುಭಾಗವನ್ನು ಹರಿವಿನ ಮೇಲ್ಗಡೆಗೆ ಎತ್ತಿ ಹಾಕಿದೆ, ಇದಕ್ಕೆ ಮೆಂಡ್ ಅನ್ನುತ್ತಾರೆ. ಬರುತ್ತಿದೆ, ಬರುತ್ತಿದೆ...

ಪ್ಲಕ್.

ರಾಡ್ ಎತ್ತಿದೆ ಅಷ್ಟೇ, ಜಗ್ಗಲಿಲ್ಲ. ಸಿಕ್ಕಿತು! ಲೈನ್ ಮೂಲಕ ಅದರ ತಲೆ ಕೊಡವುವುದು ಅಂಗೈಗೇ ಗೊತ್ತಾಗುತ್ತಿದೆ.

ಬ್ರೌನ್ ಟ್ರೌಟ್. ಒಂದು ಗೇಣಿಗಿಂತ ಚೂರು ಜಾಸ್ತಿ. ಮೊದಲು ಕೈ ಒದ್ದೆ ಮಾಡಿಕೊಂಡೆ, ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ರೋಗ ಹತ್ತುತ್ತದೆ. ಬಲೆಯಲ್ಲಿ, ನೀರೊಳಗೇ ಇರಲಿ. ಹೊಟ್ಟೆ ಬೆಣ್ಣೆ ಕಾಸಿದ ಬಣ್ಣ. ಪಕ್ಕದಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ತಿಳಿ ನೀಲಿ ಬಳೆ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೆ, ಹಾಗಾಗಿ ಬೆರಳಲ್ಲೇ ಬಿಟ್ಟುಕೊಂಡಿತು. ತಲೆ ಹರಿವಿಗೆ ಎದುರು ಹಿಡಿದಿದ್ದೇನೆ. ಕಿವಿರು ಆಡುತ್ತಿದೆ. ಬಾಲ ಬಡಿಯಿತು. ಹೋಯಿತು.

ಹಿಡಿದು ಬಿಡುವುದಾದರೆ ಹಿಡಿಯುವುದು ಯಾಕೆ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ನಾವು ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆವು, ಯಾರೂ ಗಾಳ ಹಾಕುತ್ತಿರಲಿಲ್ಲ. ಬೆಲ್‌ಫಾಂಟಿನ ಟ್ಯಾಲಿರಾಂಡ್ ಪಾರ್ಕಿನಲ್ಲಿ ಇದೇ ಸ್ಪ್ರಿಂಗ್ ಕ್ರೀಕ್ ಹರಿಯುತ್ತದೆ, ಮಕ್ಕಳು ದಡದಲ್ಲಿ ನಿಂತು ಬಾತುಕೋಳಿಗೆ, ಮೀನಿಗೆ ಕಾಳು ಹಾಕುತ್ತಾರೆ. ಮೀನಿಗೆ ನೋವಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಎರಡು ಸಿಕ್ಕಿದರೆ ಸಾಕು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಅಮ್ಮನಿಗೂ ಅದನ್ನೇ ಹೇಳಿದ್ದೇನೆ.

ಇವತ್ತು ಒಂದಕ್ಕೇ ನಿಲ್ಲಿಸುತ್ತೇನೆ, ಕತ್ತಲಾಯಿತು. ಕಾರಿನ ಹತ್ತಿರ ಬಂದೆ. ಟಾರ್ಚ್ ಬೆಳಕಿನಲ್ಲಿ ಬೂಟಿನ ತಳ ತೋರಿಸುತ್ತೇನೆ. ಈ ಕಪ್ಪು ಚುಕ್ಕೆ, ಸಾಸಿವೆ ಕಾಳಿನಷ್ಟು, ಬಸವನಹುಳು ಇದು. ನ್ಯೂಜಿಲೆಂಡಿನದು. 2013ರಲ್ಲಿ ಈ ಹಳ್ಳದಲ್ಲಿ ಕಂಡುಬಂತು. ಗಂಡು ಇಲ್ಲದೇ ಮರಿ ಮಾಡುತ್ತದೆ, ಹಾಗಾಗಿ ಬೂಟಿಗೆ ಅಂಟಿದ ಒಂದೇ ಒಂದು ಸಾಕು, ಇನ್ನೊಂದು ಹಳ್ಳ ತುಂಬಲು. ಬ್ರಷ್ಷಿನಲ್ಲಿ ತಿಕ್ಕಿ, ಲೇಸಿನ ಸಂದು, ಹೊಲಿಗೆ ಎಲ್ಲ ನೋಡಬೇಕು. ಆಮೇಲೆ ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಬೇಕು. ನಾನಂತೂ ಈ ಬೂಟನ್ನು ಬೇರೆ ಹಳ್ಳಕ್ಕೆ ಇಳಿಸುವುದೇ ಇಲ್ಲ.

ಈ ಶನಿವಾರ ಬೆಳಿಗ್ಗೆ ಇಲ್ಲಿಗೇ ಮತ್ತೆ ಬರುತ್ತೇನೆ. ಹತ್ತಿರದಲ್ಲಿ ಇದ್ದವರು ಬನ್ನಿ. ಒಂದು ರಾಡ್ ಜಾಸ್ತಿ ಇದೆ ನನ್ನ ಹತ್ತಿರ. ಒಂದು ಬಿಳಿ ತಟ್ಟೆ ತನ್ನಿ, ಕಲ್ಲು ತೊಳೆದು ಹುಳು ನೋಡಲು.